ಹೆರಿಗೆಯ ವರ್ಷದ ಮನೆ ಲೆಕ್ಕ: ಬಿಗಿ ಕಾಲದಲ್ಲಿ ಹಣ ಹೊಂದಿಸಿಕೊಂಡ ಬಗೆ

ಮಗು ಬರುವ ವರ್ಷದಲ್ಲಿ ಒಟ್ಟು ಎಷ್ಟು ಖರ್ಚಾಗುತ್ತದೆ ಎನ್ನುವುದಕ್ಕಿಂತ ಯಾವ ವಾರ ಎಷ್ಟು ಹಣ ಕೈಯಲ್ಲಿರಬೇಕು ಎನ್ನುವುದೇ ದೊಡ್ಡ ಪ್ರಶ್ನೆ. ವರ್ಷದ ಕೊನೆಗೆ ಲೆಕ್ಕ ಸರಿಹೋಗುವ ಮನೆಯಲ್ಲೂ ಹೆರಿಗೆಯ ವಾರ ಕೈಗಡಕ್ಕೆ ಓಡಾಡುವ ಪರಿಸ್ಥಿತಿ ಬರುತ್ತದೆ. ಆಸ್ಪತ್ರೆಗೆ ಇವತ್ತೇ ಕಟ್ಟಬೇಕು, ವಿಮೆಯ ಹಣ ಬರುವುದು ಆಮೇಲೆ, ರಜೆಯ ಸಂಬಳ ಇನ್ನೂ ತಡ. ಬೆಲೆ ಏರಿ ಕೆಲಸಗಳು ಅಲುಗಾಡುತ್ತಿರುವ ಕಾಲದಲ್ಲಿ ಕೈಗಡ ಸುಲಭಕ್ಕೆ ಹುಟ್ಟುವುದಿಲ್ಲ, ಹುಟ್ಟಿದರೂ ಬಡ್ಡಿ ಹೆಚ್ಚು. ಅದಕ್ಕೇ ನಾವು ಬಜೆಟ್ಟನ್ನು ತಿಂಗಳುಗಳಲ್ಲಿ ಬರೆಯದೆ ಗರ್ಭದ ವಾರಗಳಲ್ಲಿ ಬರೆದೆವು.

ಒಂದು ಹಾಳೆಯಲ್ಲಿ 56 ಸಾಲು ಹಾಕಿ. 40 ವಾರ ಬಸಿರಿಗೆ, 16 ವಾರ ಹೆರಿಗೆಯ ನಂತರಕ್ಕೆ. ಪ್ರತಿ ಸಾಲಿನಲ್ಲೂ ತಾರೀಖು, ಬರುವ ಹಣ, ಹೋಗುವ ಹಣ, ಕೊನೆಯಲ್ಲಿ ಉಳಿಯುವ ಶಿಲ್ಕು. ಮೊದಲು ತುಂಬಬೇಕಾದದ್ದು ತಪಾಸಣೆಯ ತಾರೀಖುಗಳನ್ನು. ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲಿ ಕೊಟ್ಟ ಶಿಫಾರಸಿನಂತೆ ಕನಿಷ್ಠ 8 ಭೇಟಿ ಬೇಕು: 12 ವಾರದೊಳಗೆ ಮೊದಲನೆಯದು, ಆಮೇಲೆ 20, 26, 30, 34, 36, 38 ಮತ್ತು 40ನೇ ವಾರ. 24 ವಾರ ತುಂಬುವ ಮೊದಲು ಒಂದು ಸ್ಕ್ಯಾನ್. ಸಕ್ಕರೆ ಪರೀಕ್ಷೆ ಸಾಮಾನ್ಯವಾಗಿ 24ರಿಂದ 28ರ ನಡುವೆ. ಇವನ್ನು ಹಾಳೆಗೆ ಇಳಿಸಿದ ಕೂಡಲೇ ಒಂದು ಸಂಗತಿ ಕಣ್ಣಿಗೆ ಬೀಳುತ್ತದೆ: ಎಂಟರಲ್ಲಿ ನಾಲ್ಕು ಭೇಟಿ ಕೊನೆಯ ಆರು ವಾರಗಳಲ್ಲೇ ಇವೆ. ಓಡಾಟದ ಖರ್ಚು, ದಿನಗೂಲಿಯವರಿಗಾದರೆ ಹೋದ ಕೂಲಿ, ಎರಡೂ ಅಲ್ಲೇ ಗುಂಪಾಗುತ್ತವೆ. ತಿಂಗಳಿಗೆ ಇಷ್ಟು ಎಂದು ಸಮನಾಗಿ ಹಂಚಿದ ಬಜೆಟ್ಟು ಸೋಲುವುದು ಇಲ್ಲಿ.

ಎರಡನೆಯ ಗೆರೆ ಎಳೆಯುವುದು 34ನೇ ವಾರಕ್ಕೆ. ಹೆರಿಗೆಯ ಹಣ ಪೂರ್ತಿ ಕೈಯಲ್ಲಿರಬೇಕಾದದ್ದು ಆಗ. 40ನೇ ವಾರದವರೆಗೆ ಕಾಯುವಂತಿಲ್ಲ. ಜಗತ್ತಿನಲ್ಲಿ ಹೆಚ್ಚುಕಡಿಮೆ ಹತ್ತಕ್ಕೆ ಒಂದು ಮಗು 37 ವಾರ ತುಂಬುವ ಮೊದಲೇ ಹುಟ್ಟುತ್ತದೆ, ಮತ್ತು ಹಾಗೆ ಬೇಗ ಹುಟ್ಟಿದ ಮಗುವಿಗೇ ಖರ್ಚು ಹೆಚ್ಚು. ಕೊನೆಯ ಎರಡು ಸಂಬಳ ಸೇರಿದರೆ ಸರಿಹೋಗುತ್ತದೆ ಎಂಬ ಲೆಕ್ಕ ಆ ಮನೆಗೆ ದಕ್ಕುವುದಿಲ್ಲ.

ಇನ್ನು ಅಂಕಿಗಳು. ಮನೆಯ ಒಟ್ಟು ತಿಂಗಳ ಆದಾಯ 100 ಪಾಲು ಎಂದಿಟ್ಟುಕೊಳ್ಳಿ; ಗಂಡನದು 60, ಹೆಂಡತಿಯದು 40. ಬಾಡಿಗೆ, ಸಾಲದ ಕಂತು, ವಿಮೆ, ವಿದ್ಯುತ್, ಫೋನ್ ಎಲ್ಲ ಸೇರಿ ಖಾಯಂ ಖರ್ಚನ್ನು 48ಕ್ಕೆ ಇಳಿಸಿದ್ದೀರಿ, ದಿನಸಿ, ಓಡಾಟ, ಉಳಿದದ್ದು 26. ಅಲ್ಲಿಗೆ 74, ಉಳಿಯುವುದು 26. ಎಂಟನೇ ವಾರದಲ್ಲಿ ಶುರುಮಾಡಿದರೆ 34ನೇ ವಾರದೊಳಗೆ ಆರು ಸಂಬಳ ಬರುತ್ತವೆ: 156 ಪಾಲು. ತಪಾಸಣೆ, ಪರೀಕ್ಷೆ, ಮಾತ್ರೆಗೆ ತಿಂಗಳಿಗೆ 5ರಂತೆ 30 ಕಳೆಯಿರಿ, 126 ಉಳಿಯಿತು. ಮಗು ಬಂದ ಮೇಲೆ ಖರ್ಚು 8 ಏರಿ 82 ಆಗುತ್ತದೆ. ರಜೆಗೆ ಸಂಬಳವೇ ಇಲ್ಲದಿದ್ದರೆ ಆದಾಯ 60. ತಿಂಗಳಿಗೆ 22 ಕೊರತೆ, ನಾಲ್ಕು ತಿಂಗಳಿಗೆ 88. ಅಂದರೆ 126ರಲ್ಲಿ ಹೆರಿಗೆಗೂ ಆಪತ್ತಿಗೂ ನಿಜವಾಗಿ ಸಿಗುವುದು 38 ಮಾತ್ರ. ಖಾತೆಯಲ್ಲಿ 126 ಕಂಡು ನೆಮ್ಮದಿಯಾಗಿ ತೊಟ್ಟಿಲು, ಗಾಡಿ, ಹೊಸ ಕಪಾಟು ಎಂದು ಹೊರಟರೆ ಮೂರನೇ ತಿಂಗಳು ಬಾಡಿಗೆಗೆ ತಡಕಾಡಬೇಕಾಗುತ್ತದೆ. ಅದಕ್ಕೇ ಕೊರತೆಯ ಹಣವನ್ನು ಬೇರೆ ಖಾತೆಯಲ್ಲಿಟ್ಟು, ತಿಂಗಳಿಗೆ 22ರಂತೆ ಮುಖ್ಯ ಖಾತೆಗೆ ವರ್ಗವಾಗುವಂತೆ ಬ್ಯಾಂಕಿಗೆ ಸೂಚನೆ ಕೊಟ್ಟಿಡುವುದು ಒಳ್ಳೆಯದು. ಬಾಣಂತಿಯ ಮನೆಯಲ್ಲಿ ಯಾರಿಗೂ ಅದನ್ನು ನೆನಪಿಟ್ಟುಕೊಂಡು ಮಾಡುವ ತ್ರಾಣ ಇರುವುದಿಲ್ಲ.

ಈ ಲೆಕ್ಕದ ಬೆನ್ನೆಲುಬು ತಾಲೀಮು. ಮಗು ಬಂದ ಮೇಲೆ ಎಷ್ಟರಲ್ಲಿ ಬದುಕಬೇಕೋ ಅಷ್ಟರಲ್ಲೇ ಈಗಿನಿಂದ ಬದುಕುವುದು, ಮಿಕ್ಕದ್ದನ್ನು ಸಂಬಳ ಬಂದ ದಿನವೇ ಬೇರೆ ಖಾತೆಗೆ ಸರಿಸುವುದು. ಉಳಿತಾಯ ಆಗುವುದು ಒಂದು ಲಾಭ. ದೊಡ್ಡ ಲಾಭ ಇನ್ನೊಂದಿದೆ: ಯೋಜನೆ ಎಲ್ಲಿ ಸುಳ್ಳು ಎಂದು ಎರಡನೇ ತಿಂಗಳಲ್ಲೇ ಗೊತ್ತಾಗುತ್ತದೆ. ಸಾಮಾನ್ಯವಾಗಿ ಸುಳ್ಳಾಗುವುದು ವರ್ಷಕ್ಕೊಮ್ಮೆ ಬರುವ ಖರ್ಚುಗಳಲ್ಲಿ. ವಿಮೆಯ ಕಂತು, ವಾಹನದ ರಿಪೇರಿ, ತೆರಿಗೆ, ದೊಡ್ಡ ಮಗುವಿನ ಶಾಲಾ ಶುಲ್ಕ ಇವು ಮೂರು ತಿಂಗಳ ಪಾಸ್‌ಬುಕ್ಕಿನಲ್ಲಿ ಕಾಣುವುದಿಲ್ಲ. 12 ತಿಂಗಳ ಪಟ್ಟಿ ತೆಗೆದು, ಒಟ್ಟನ್ನು 12ರಿಂದ ಭಾಗಿಸಿ ಖಾಯಂ ಖರ್ಚಿಗೆ ಸೇರಿಸಿ.

ಕತ್ತರಿ ಹಾಕುವುದಾದರೆ ಮೊದಲು ಖಾಯಂ ಖರ್ಚಿಗೆ. ದಿನಸಿಯಲ್ಲಿ ಚೂರುಪಾರು ಉಳಿಸಲು ದಿನವೂ ಹೆಣಗಬೇಕು. ಬಳಸದ ಚಂದಾ ರದ್ದುಮಾಡಲು, ಫೋನ್ ಯೋಜನೆ ಬದಲಿಸಲು, ಬಾಡಿಗೆ ಏರಿಕೆ ಮುಂದೂಡುವಂತೆ ಮಾಲೀಕರನ್ನು ಕೇಳಲು ಒಂದು ಸಲ ಕೂತರೆ ಸಾಕು. ಆದರೆ ಬಸುರಿಯ ಊಟಕ್ಕೂ ಮಾತ್ರೆಗೂ ಕತ್ತರಿ ಬೇಡ. ದಿನಕ್ಕೆ 400 ಮೈಕ್ರೋಗ್ರಾಂ ಫೋಲಿಕ್ ಆಮ್ಲ, 30ರಿಂದ 60 ಮಿಲಿಗ್ರಾಂ ಕಬ್ಬಿಣಾಂಶ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅದೇ ಶಿಫಾರಸಿನಲ್ಲಿದೆ. ದುಬಾರಿ ಬ್ರಾಂಡೇ ಆಗಬೇಕೆಂದಿಲ್ಲ. ಇದೇ ಪ್ರಮಾಣದ ಅಗ್ಗದ ಜೆನೆರಿಕ್ ಮಾತ್ರೆ ಇದೆಯೇ ಎಂದು ವೈದ್ಯರನ್ನೇ ನೇರವಾಗಿ ಕೇಳಿ. ವೈದ್ಯಕೀಯ ಕಾರಣವಿಲ್ಲದೆ ಮಗುವಿನ ಮುಖ ನೋಡಲೆಂದು ಮಾಡಿಸುವ ಹೆಚ್ಚುವರಿ ಸ್ಕ್ಯಾನ್ ಬಿಟ್ಟರೆ ನಷ್ಟವಿಲ್ಲ.

ಸಾಲದ ವಿಷಯದಲ್ಲಿ ನನ್ನ ನಿಲುವು ಸ್ಪಷ್ಟ. ಕ್ರೆಡಿಟ್ ಕಾರ್ಡಿನ ಬಾಕಿ ಇದ್ದರೆ ಅದನ್ನು ಮೊದಲು ತೀರಿಸಿ. ತಿಂಗಳಿಗೆ 3% ಎಂದರೆ ಚಕ್ರಬಡ್ಡಿಯಲ್ಲಿ ವರ್ಷಕ್ಕೆ ಸುಮಾರು 42.6% ಆಗುತ್ತದೆ. ಅದರ ಮುಂದೆ ಯಾವ ಉಳಿತಾಯವೂ ನಿಲ್ಲುವುದಿಲ್ಲ. ಆದರೆ ಮನೆ ಸಾಲವನ್ನು ಮುಂಚಿತವಾಗಿ ತೀರಿಸುವ ಉಮೇದು ಹೆರಿಗೆಯವರೆಗೆ ಬೇಡ. ಕಂತು ತಪ್ಪದೆ ಕಟ್ಟಿ, ಅಷ್ಟೆ. ಸಾಲಕ್ಕೆ ಹೆಚ್ಚುವರಿಯಾಗಿ ಕಟ್ಟಿದ ಹಣ ಬೇಕೆಂದಾಗ ಸುಲಭವಾಗಿ ವಾಪಸು ಬರುವುದಿಲ್ಲ. ಕೈಯಲ್ಲಿದ್ದರೆ ಕೆಲಸ ಹೋದ ತಿಂಗಳು ಅದೇ ಕಾಪಾಡುತ್ತದೆ. ಕಂತು ಭಾರವಾಗುವ ಲಕ್ಷಣ ಕಂಡರೆ ಒಂದೂ ತಪ್ಪುವ ಮೊದಲೇ ಅವಧಿ ವಿಸ್ತರಣೆ ಕೇಳಿ. ಕಂತು ತಪ್ಪಿದ ಮೇಲೆ ದಾಖಲೆ ಕೆಡುತ್ತದೆ, ಮಾತುಕತೆ ಕಷ್ಟವಾಗುತ್ತದೆ. ಬಡ್ಡಿ ಬದಲಾಗುವ ಸಾಲವಾದರೆ ದರ ಇನ್ನೊಂದು ಪ್ರತಿಶತ ಏರಿದರೆ ಕಂತು ಎಷ್ಟಾಗುತ್ತದೆ ಎಂದು ಈಗಲೇ ಕೇಳಿ ಹಾಳೆಯಲ್ಲಿ ಬರೆದಿಡಿ. ಹಾಗೆಯೇ, ಸಂಬಳದ ತಾರೀಖಿಗೂ ಕಂತಿನ ತಾರೀಖಿಗೂ ನಡುವೆ ಎರಡು ಮೂರು ದಿನ ಇರುವಂತೆ ಬದಲಿಸಿಕೊಳ್ಳಿ. ರಜೆಯಲ್ಲಿ ಸಂಬಳ ತಡವಾಗಿ ಬಂದಾಗ ತನ್ನಷ್ಟಕ್ಕೆ ಕಡಿತವಾಗುವ ಕಂತು ಶಿಲ್ಕಿಲ್ಲದೆ ವಾಪಸಾಗಿ ದಂಡ ಬೀಳುವುದು ತುಂಬಾ ಕಡೆ ಆಗುವ ಸಂಗತಿ.

ವಿಮೆಯ ಕಾಗದವನ್ನು ಏಜೆಂಟರ ಬಾಯಿಮಾತಿನಿಂದ ಅರ್ಥಮಾಡಿಕೊಳ್ಳಬೇಡಿ. ಪಾಲಿಸಿ ತೆರೆದು ಓದಿ. ಪಾಲಿಸಿ ಕೊಂಡ ಮೇಲೆ ಹೆರಿಗೆಯ ಖರ್ಚು ಸಿಗಲು ಕಾಯಬೇಕಾದ ಅವಧಿ ಎಷ್ಟು, ಮಿತಿ ಎಷ್ಟು, ಸಹಜ ಹೆರಿಗೆಗೂ ಸಿಸೇರಿಯನ್‌ಗೂ ಮಿತಿ ಬೇರೆಯೇ, ಮಗುವಿಗೆ ಮೊದಲ ದಿನದಿಂದ ರಕ್ಷಣೆ ಇದೆಯೇ, ಮಗುವಿನ ಹೆಸರು ಎಷ್ಟು ದಿನದೊಳಗೆ ಸೇರಿಸಬೇಕು. ಬಸಿರಾದ ಮೇಲೆ ಕೊಂಡ ಪಾಲಿಸಿ ಈ ಹೆರಿಗೆಗೆ ಸಾಮಾನ್ಯವಾಗಿ ಒದಗುವುದಿಲ್ಲ. ಕೆಲವು ಪಾಲಿಸಿಗಳಲ್ಲಿ ಇನ್ನೊಂದು ಗಂಟು ಇದೆ: ಕೊಠಡಿಯ ಬಾಡಿಗೆ ಮಿತಿ ಮೀರಿದರೆ ಕೊಠಡಿಯ ಹಣ ಮಾತ್ರವಲ್ಲ, ಬಿಲ್ಲಿನ ಉಳಿದ ಬಾಬತ್ತುಗಳಲ್ಲೂ ಅದೇ ಅನುಪಾತದಲ್ಲಿ ಕಡಿತ ಮಾಡುತ್ತಾರೆ. ಮಿತಿ 10 ಪಾಲು ಇದ್ದು 15 ಪಾಲಿನ ಕೊಠಡಿ ತೆಗೆದುಕೊಂಡರೆ ಮೂರನೇ ಒಂದು ಭಾಗ ಕೈಯಿಂದ ಹೋಗಬಹುದು.

ಆಸ್ಪತ್ರೆಯಿಂದ ಎರಡು ಅಂದಾಜು ಬರಹದಲ್ಲಿ ಪಡೆಯಿರಿ: ಸಹಜ ಹೆರಿಗೆಗೆ ಒಂದು, ಸಿಸೇರಿಯನ್‌ಗೆ ಒಂದು. ಹಾಳೆಗೆ ಇಳಿಸಬೇಕಾದದ್ದು ದೊಡ್ಡದನ್ನು. ಅರಿವಳಿಕೆ ತಜ್ಞರ ಶುಲ್ಕ, ಮಕ್ಕಳ ವೈದ್ಯರ ಭೇಟಿ, ಔಷಧಿ, ರಕ್ತ, ನವಜಾತ ಶಿಶು ಘಟಕದ ದಿನದ ದರ ಇವು ಪ್ಯಾಕೇಜಿನ ಒಳಗೋ ಹೊರಗೋ ಎಂದು ಒಂದೊಂದಾಗಿ ಕೇಳಿ. ಒಟ್ಟು ಮೊತ್ತ ಕೇಳಿ ಸುಮ್ಮನಾದವರಿಗೆ ಬಿಲ್ಲು ಏರುವುದು ಈ ಹೊರಗಿನ ಬಾಬತ್ತುಗಳಿಂದಲೇ. ಸರ್ಕಾರಿ ಆಸ್ಪತ್ರೆಯಲ್ಲಿ ಒಳ್ಳೆಯ ಹೆರಿಗೆ ವಿಭಾಗ ಇದ್ದರೆ ಸಂಕೋಚ ಬೇಡ, ಹೋಗಿ ನೋಡಿ ಬನ್ನಿ.

ಉದ್ಯೋಗದ ಕಡೆ ಮಾಡಬೇಕಾದದ್ದು ಒಂದೇ ಮುಖ್ಯ ಕೆಲಸ: ಎಲ್ಲವನ್ನೂ ಬರಹದಲ್ಲಿ ಇಡುವುದು. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 2000ನೇ ಇಸವಿಯ ಹೆರಿಗೆ ರಕ್ಷಣೆಯ 183ನೇ ಒಪ್ಪಂದ ಕನಿಷ್ಠ 14 ವಾರ ರಜೆ ಕೊಡಬೇಕು ಎನ್ನುತ್ತದೆ. ಭತ್ಯೆಯನ್ನು ಹಿಂದಿನ ಗಳಿಕೆಯ ಮೇಲೆ ಲೆಕ್ಕ ಹಾಕುವ ಕಡೆ ಅದು ಮೂರನೇ ಎರಡು ಭಾಗಕ್ಕಿಂತ ಕಡಿಮೆಯಾಗಬಾರದು. ಎಲ್ಲ ದೇಶಗಳೂ ಅದನ್ನು ಅಂಗೀಕರಿಸಿಲ್ಲ, ನಿಮ್ಮಲ್ಲಿನ ಕಾನೂನು ಇದಕ್ಕಿಂತ ಹೆಚ್ಚೂ ಇರಬಹುದು, ಕಡಿಮೆಯೂ ಇರಬಹುದು. ಮೇಲಿನ ಲೆಕ್ಕದಲ್ಲಿ ಮೂರನೇ ಎರಡು ಭಾಗ ಸಿಕ್ಕರೆ 40ರ ಬದಲು 27 ಬರುತ್ತದೆ, ಕೊರತೆಯೇ ಇರುವುದಿಲ್ಲ. ಅಷ್ಟು ವ್ಯತ್ಯಾಸ ಮಾಡುವ ಹಣಕ್ಕೆ ಅರ್ಜಿ ತಡವಾಗಬಾರದು. ಬಸಿರಿನ ವಿಷಯ ತಿಳಿಸಿದ ಇಮೇಲಿನ ತಾರೀಖು, ರಜೆ ಮಂಜೂರಾದ ಪತ್ರ, ಸಂಬಳ ಚೀಟಿಗಳು ಮನೆಯ ಕಡತದಲ್ಲಿರಲಿ. ಸಿಬ್ಬಂದಿ ಕಡಿತದ ಮಾತು ಎದ್ದಾಗ ಆ ತಾರೀಖೇ ಆಧಾರ. ಒತ್ತಡಕ್ಕೆ ಮಣಿದು ತಾವಾಗಿಯೇ ರಾಜೀನಾಮೆ ಬರೆದುಕೊಟ್ಟರೆ ಆ ರಕ್ಷಣೆ ಬಹುಮಟ್ಟಿಗೆ ಕೈಬಿಟ್ಟಂತೆ.

ಸಾಮಾನುಗಳ ವಿಷಯದಲ್ಲಿ ಕಡಿಮೆ ಕೊಂಡಷ್ಟೂ ಒಳ್ಳೆಯದು. ಮಗುವಿನ ತೂಕ ಐದಾರು ತಿಂಗಳಿಗೆ ಎರಡರಷ್ಟಾಗುತ್ತದೆ, ಹಾಗಾಗಿ ತೀರಾ ಚಿಕ್ಕ ಅಳತೆಯ ಬಟ್ಟೆ ಆರು ಜೊತೆ ಸಾಕು, ಡೈಪರ್ ಒಂದು ಪೊಟ್ಟಣ ಸಾಕು. ದಿನಕ್ಕೆ ಹತ್ತು ಡೈಪರ್ ಹಿಡಿದರೆ ವಾರಕ್ಕೆ 70. ಪೊಟ್ಟಣದ ಬೆಲೆಯನ್ನು ಒಳಗಿನ ಸಂಖ್ಯೆಯಿಂದ ಭಾಗಿಸಿಯೇ ಹೋಲಿಸಿ. ರಿಯಾಯಿತಿ ಎಂದು ಬರೆದ ದೊಡ್ಡ ಪೊಟ್ಟಣ ಕೆಲವೊಮ್ಮೆ ಬಿಡಿ ಲೆಕ್ಕದಲ್ಲಿ ದುಬಾರಿ. ಬಟ್ಟೆಯ ಡೈಪರ್ ಎರಡು ಡಜನ್ ಇದ್ದರೆ ಎರಡು ದಿನಕ್ಕೊಮ್ಮೆ ಒಗೆಯಬಹುದು, ಒಣಗಲು ಬಿಸಿಲಿದ್ದರೆ. ಬಳಸಿದ ಬಟ್ಟೆ, ಸ್ನಾನದ ತೊಟ್ಟಿ ಧಾರಾಳವಾಗಿ ತೆಗೆದುಕೊಳ್ಳಿ. ಹಳೆಯ ತೊಟ್ಟಿಲ ಮಂಚವಾದರೆ ಪಟ್ಟಿಗಳ ನಡುವಿನ ಅಂತರ 6 ಸೆಂಟಿಮೀಟರ್ ಮೀರಿರಬಾರದು, ಹಾಸಿಗೆಯ ಅಂಚಿಗೂ ಚೌಕಟ್ಟಿಗೂ ನಡುವೆ ಎರಡು ಬೆರಳು ತೂರಬಾರದು. ಅಪಘಾತ ಕಂಡಿದೆಯೋ ಇಲ್ಲವೋ ತಿಳಿಯದ ಕಾರಿನ ಮಗು ಆಸನ ಪುಕ್ಕಟೆ ಸಿಕ್ಕರೂ ಬೇಡ.

ಆರು ತಿಂಗಳು ಎದೆಹಾಲೊಂದೇ ಸಾಕು ಎನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಆದರೂ ಪುಡಿಹಾಲಿಗೆ ಒಂದು ಮೊತ್ತ ಹಾಳೆಯಲ್ಲಿರಲಿ, ಏಕೆಂದರೆ ಬೇಕಾದಾಗ ಅದನ್ನು ಮುಂದೂಡಲಾಗುವುದಿಲ್ಲ. ಲೆಕ್ಕ ಹೀಗೆ: ಮಗುವಿನ ತೂಕದ ಪ್ರತಿ ಕಿಲೋಗೆ ದಿನಕ್ಕೆ ಸುಮಾರು 150 ಮಿಲಿಲೀಟರ್. 4 ಕಿಲೋ ಮಗುವಿಗೆ 600. ನೂರು ಮಿಲಿಲೀಟರಿಗೆ ಸುಮಾರು 13 ಗ್ರಾಂ ಪುಡಿಯಂತೆ ದಿನಕ್ಕೆ 78 ಗ್ರಾಂ. 400 ಗ್ರಾಂ ಡಬ್ಬಿ ಐದು ದಿನಕ್ಕೆ ಮುಗಿಯಿತು, ತಿಂಗಳಿಗೆ ಆರು ಡಬ್ಬಿ. ಇಷ್ಟು ದೊಡ್ಡ ಖರ್ಚು ಕಂಡು ಡಬ್ಬಿ ಇನ್ನೆರಡು ದಿನ ಬರಲಿ ಎಂದು ನೀರು ಹೆಚ್ಚಿಸುವ ಮನೆಗಳಿವೆ. ದಯವಿಟ್ಟು ಅದನ್ನು ಮಾತ್ರ ಮಾಡಬೇಡಿ. ತೆಳುಮಾಡಿದ ಹಾಲಿನಿಂದ ರಕ್ತದ ಸೋಡಿಯಂ ಕುಸಿದು ಮಗುವಿಗೆ ಫಿಟ್ಸ್ ಬರಬಹುದು. ಹಣ ಸಾಲದಿದ್ದರೆ ಕಂತು ಒಂದು ತಿಂಗಳು ನಿಲ್ಲಲಿ, ಬಾಡಿಗೆ ತಡವಾಗಲಿ, ಡಬ್ಬಿಯ ಮೇಲೆ ಬರೆದ ಅಳತೆ ಬದಲಾಗಬಾರದು. ಆರೋಗ್ಯ ಕೇಂದ್ರದಲ್ಲಿ ಬಾಯಿಬಿಟ್ಟು ಕೇಳಿದರೆ ದಾರಿ ಸಿಗುವುದುಂಟು.

ಹೆರಿಗೆ ಮುಗಿದ ಮೇಲೆ ಬಿಲ್ಲು, ಡಿಸ್ಚಾರ್ಜ್ ಸಾರಾಂಶ, ಔಷಧಿ ಚೀಟಿ, ಪರೀಕ್ಷಾ ವರದಿ ಎಲ್ಲದರ ಫೋಟೋ ಆಸ್ಪತ್ರೆಯಲ್ಲೇ ತೆಗೆದು, ಮೂಲ ಪ್ರತಿಗಳನ್ನು ಒಂದೇ ಕವರಿನಲ್ಲಿ ಹಾಕಿ. ವಿಮೆಗೆ ಅರ್ಜಿ ಹಾಕುವುದು ಬಾಣಂತಿಯ ಕೆಲಸವಾಗದಿರಲಿ; ಯಾರು ಹಾಕುತ್ತಾರೆ ಎಂದು ಮೊದಲೇ ಹೆಸರಿಸಿ. ಖಾತೆ, ಕಂತಿನ ತಾರೀಖು, ಪಾಲಿಸಿ ಸಂಖ್ಯೆ ಇಬ್ಬರಿಗೂ ಗೊತ್ತಿರಬೇಕು. ರಜೆಯ ಆ ನಾಲ್ಕು ತಿಂಗಳು ಹೊಸ ಕಂತಿನ ಖರೀದಿ, ಬಡ್ಡಿಯಿಲ್ಲ ಎಂದರೂ, ಬೇಡ.

ಹಾಳೆಯ ಕೊನೆಯ ಸಾಲುಗಳಲ್ಲಿ ಹೆಚ್ಚಿನವರು ಬಿಡುವ ಒಂದು ಬಾಬತ್ತು ಕೆಲಸಕ್ಕೆ ಮರಳುವ ತಿಂಗಳು. ಶಿಶುವಿಹಾರಕ್ಕೋ ನೋಡಿಕೊಳ್ಳುವವರಿಗೋ ಹಣ ಮುಂಗಡ, ಜೊತೆಗೆ ಠೇವಣಿ. ಮೊದಲ ಪೂರ್ತಿ ಸಂಬಳ ಬರುವುದು ತಿಂಗಳು ದುಡಿದ ಮೇಲೆ. ಹಾಗಾಗಿ ಕೊರತೆಯನ್ನು ನಾಲ್ಕರ ಬದಲು ಐದು ತಿಂಗಳಿಗೆ ಲೆಕ್ಕ ಹಾಕಿ, ಆ ಐದನೆಯ ತಿಂಗಳ ಸಾಲಿನಲ್ಲಿ ಮುಂಗಡವನ್ನೂ ಠೇವಣಿಯನ್ನೂ ಬೇರೆಬೇರೆಯಾಗಿ ಬರೆಯಿರಿ. ವಿಮೆಯಿಂದ ವಾಪಸು ಬಂದ ಹಣವನ್ನು ಸಾಲಕ್ಕೆ ತಿರುಗಿಸುವುದು ಆ ತಿಂಗಳು ದಾಟಿದ ಮೇಲೆ.