ಮೊದಲು ಹಾಡು, ಆಮೇಲೆ ಹೆಡ್‌ಫೋನ್, ಬೇಕಾದರೆ ಮಾತ್ರ ಆಂಪ್

ಕಳೆದ ಮೇ ತಿಂಗಳ ಒಂದು ಮಧ್ಯಾಹ್ನ. ಕರೆಂಟ್ ಹೋಗಿತ್ತು. ಕೂಲರ್ ನಿಂತಿತ್ತು. ಕಲಬುರಗಿಯ ಬಿಸಿಲಿಗೆ ಬೈಯುತ್ತಾ ಬೀಸಣಿಗೆ ಹಿಡಿದು ಕೂತಿದ್ದೆ. ಶಹಾಬಾದದಿಂದ ತಂಗಿಯ ಮಗ ಬಂದ. ಕೈಯಲ್ಲಿ ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದಾದ, ಮಿರಿಮಿರಿ ಮಿಂಚುವ ಒಂದು ಡಬ್ಬಿ. ‘ಮಾಮಾ, ಇದು ಪೋರ್ಟಬಲ್ ಆಂಪ್ಲಿಫೈಯರ್. ಎಂಟು ಸಾವಿರ ಕೊಟ್ಟೀನಿ. ಆದ್ರ ನನ್ನ ಹೆಡ್‌ಫೋನ್ ಇದಕ್ಕ ಎಲ್ಲಿ ಚುಚ್ಚಬೇಕೋ ತಿಳೀವಲ್ದು’ ಅಂದ.

ತಿಳಿಯುವುದಾದರೂ ಹೇಗೆ? ಅವನ ಹೆಡ್‌ಫೋನ್ ಬ್ಲೂಟೂತ್‌ನದು. ಅದರಲ್ಲಿ ಚಾರ್ಜಿಂಗ್ ತೂತು ಬಿಟ್ಟರೆ ಬೇರೆ ತೂತೇ ಇರಲಿಲ್ಲ.

ಬ್ಲೂಟೂತ್ ಹೆಡ್‌ಫೋನಿನ ಹೊಟ್ಟೆಯೊಳಗೇ ಡ್ಯಾಕ್ ಇರುತ್ತದೆ, ಆಂಪ್ ಇರುತ್ತದೆ, ಬ್ಯಾಟರಿಯೂ ಇರುತ್ತದೆ. ಡ್ಯಾಕ್ ಅಂದರೆ ಫೋನಿನಲ್ಲಿ ಅಂಕಿಗಳಾಗಿ ಕೂತಿರುವ ಹಾಡನ್ನು ಕರೆಂಟಿನ ಅಲೆಯಾಗಿ ಬದಲಿಸುವ ಚಿಪ್. ಆ ಅಲೆಗೆ ಬಲ ಕೊಡುವುದು ಆಂಪ್. ಎರಡೂ ಒಳಗೇ ಇರುವಾಗ ಹೊರಗೆ ಇನ್ನೊಂದು ಯಾಕೆ? ನಿಮ್ಮದು ಬರೀ ಬ್ಲೂಟೂತ್ ಅನ್ನುವುದಾದರೆ ಈ ಲೇಖನದಲ್ಲಿ ಆಂಪ್ ಬಗ್ಗೆ ಇರುವ ಭಾಗವನ್ನು ಹಾರಿಸಿಬಿಡಿ. ದುಡ್ಡು ಉಳಿಯಿತು.

ವೈರ್ ಇರುವುದನ್ನು ಕೊಳ್ಳುವವರು ಮುಂದೆ ಓದಿ.

ಹತ್ತು ಹಾಡು ಬರೆಯಿರಿ

ಅಂಗಡಿಗೆ ಹೋಗುವ ಮೊದಲು ಒಂದು ಹಾಳೆ ತೆಗೆದುಕೊಂಡು, ಕಳೆದ ತಿಂಗಳು ಕೇಳಿದ ಹತ್ತು ಹಾಡು ಬರೆಯಿರಿ. ಕೇಳಬೇಕು ಅಂದುಕೊಂಡದ್ದಲ್ಲ, ಕೇಳಿದ್ದು. ಯಾರಾದರೂ ವಿಚಾರಿಸಿದರೆ ನಾನು ಹಿಂದೂಸ್ತಾನಿ ಕೇಳ್ತೀನಿ ಅಂತಲೇ ಹೇಳುವುದು. ಬರೆದು ನೋಡಿದರೆ ಹತ್ತರಲ್ಲಿ ಆರು ಹಳೇ ಸಿನಿಮಾ ಹಾಡು!

ಹಿಂದೂಸ್ತಾನಿಯ ಖಯಾಲ್ ಮತ್ತು ವಚನ ಗಾಯನದಿಂದ ಶುರು ಮಾಡೋಣ. ಇಲ್ಲಿ ಎಲ್ಲಕ್ಕಿಂತ ಮುಖ್ಯ ಕಂಠ. ಹಾರ್ಮೋನಿಯಂನ ಕರಿ ಒಂದರಲ್ಲಿ ಹಾಡುವ ಗಂಡಸಿನ ಷಡ್ಜ, ಅಂದರೆ ‘ಸಾ’, ಸುಮಾರು 139 ಹರ್ಟ್ಜ್ (ಸೆಕೆಂಡಿಗೆ ಅಷ್ಟು ಕಂಪನ). ಕರಿ ನಾಲ್ಕರಲ್ಲಿ ಹಾಡುವ ಹೆಂಗಸಿನದು ಸುಮಾರು 208. ಬೇಸ್ ಜಾಸ್ತಿ ಇರುವ ಅಗ್ಗದ ಹೆಡ್‌ಫೋನ್‌ಗಳಲ್ಲಿ ಅನೇಕವು ಇದೇ ಜಾಗದಲ್ಲಿ, 100ರಿಂದ 250 ಹರ್ಟ್ಜ್ ನಡುವೆ, ಉಬ್ಬಿರುತ್ತವೆ. ಆಗ ತಬಲಾದ ಡಗ್ಗಾ ಹೋಗಿ ಕಂಠದ ಮೇಲೆ ಕಂಬಳಿ ಹೊದಿಸುತ್ತದೆ. ಮಲ್ಲಿಕಾರ್ಜುನ ಮನ್ಸೂರರ (1910–1992) ಯಾವುದಾದರೂ ಧ್ವನಿಮುದ್ರಣ ಹಾಕಿ, ಹಾಡು ಶುರುವಾಗುವ ಮುಂಚಿನ ತಂಬೂರಿಯನ್ನಷ್ಟೇ ಕೇಳಿ. ನಾಲ್ಕು ತಂತಿ ಒಂದಾದ ಮೇಲೊಂದು ಬರುವುದು, ಜವಾರಿಯ (ತಂತಿ ಕುದುರೆಗೆ ತಾಗಿ ಏಳುವ) ಝೇಂಕಾರ ಮೇಲೆ ಬಿಚ್ಚಿಕೊಳ್ಳುವುದು ಗೊತ್ತಾಗಬೇಕು. ಬರೀ ‘ಗುಂಯ್’ ಅಂತ ಒಂದೇ ಮುದ್ದೆಯಾಗಿ ಕೇಳಿದರೆ ಅದನ್ನು ಕೆಳಗಿಡಿ.

ವಚನಕ್ಕೆ ಇನ್ನೊಂದು ಪರೀಕ್ಷೆ ಇದೆ. ಸಿದ್ಧರಾಮ ಜಂಬಲದಿನ್ನಿಯವರ ಗಾಯನವೋ, ಭೀಮಸೇನ ಜೋಶಿಯವರ ದಾಸರ ಪದವೋ ಹಾಕಿಕೊಂಡು ಲ–ಳ ಬೇರೆಬೇರೆಯಾಗಿ ಕೇಳಿಸುತ್ತವಾ ನೋಡಿ. ಈ ಎರಡು ಅಕ್ಷರಗಳ ವ್ಯತ್ಯಾಸವನ್ನು ಕಿವಿ ಹಿಡಿಯುವ ಸುಳಿವು ಹೆಚ್ಚಾಗಿ 2ರಿಂದ 3 ಸಾವಿರ ಹರ್ಟ್ಜ್ ಆಸುಪಾಸಿನಲ್ಲಿ ಇರುತ್ತದೆ. ಆ ಭಾಗ ತಗ್ಗಿದ್ದರೆ ‘ಕಲ್ಲು’, ‘ಕಳ್ಳು’ ಎರಡೂ ಒಂದೇ ಆಗುತ್ತವೆ. ಶರಣರ ವಚನದಲ್ಲಿ ಹಾಗಾದರೆ ಕಷ್ಟ, ಅಲ್ವಾ!

ಏಕತಾರಿ, ದಮ್ಮಡಿ, ತಾಳ ಇರುವ ತತ್ವಪದ ಮತ್ತು ಭಜನೆಗೆ ಟ್ರೆಬಲ್, ಅಂದರೆ ಮೇಲಿನ ಚೂಪು ಸದ್ದಿನ, ಕಡೆ ಗಮನ ಇರಲಿ. 6ರಿಂದ 10 ಸಾವಿರ ಹರ್ಟ್ಜ್‌ನಲ್ಲಿ ಒಂದು ಚೂಪು ಎದ್ದಿದ್ದರೆ ತಾಳದ ‘ಠಣ್’ ಸೂಜಿ ಚುಚ್ಚಿದಂತೆ ಆಗುತ್ತದೆ. ಐದು ನಿಮಿಷಕ್ಕೆ ಅದು ಗೊತ್ತಾಗುವುದಿಲ್ಲ, ಅರ್ಧ ಗಂಟೆಗೆ ತಲೆನೋವು. ಬಂದೇ ನವಾಜ್ ದರ್ಗಾದ ಉರುಸ್‌ನಲ್ಲಿ ಕವ್ವಾಲಿ ಕೇಳಿದವರಿಗೆ ಆ ಚಪ್ಪಾಳೆಯ ಏಟು ಗೊತ್ತು. ಢೋಲಕ್, ಹಾರ್ಮೋನಿಯಂ, ಚಪ್ಪಾಳೆ, ಹಿಮ್ಮೇಳ ಎಲ್ಲ ಒಟ್ಟಿಗೆ ಬಂದಾಗಲೂ ಮುಖ್ಯ ಗಾಯಕ ಮುಂದೆಯೇ ನಿಂತಿರಬೇಕು.

1960ರ ದಶಕದ ಸಿನಿಮಾ ಹಾಡುಗಳು ಬಹುತೇಕ ಮೋನೊ. ಎರಡೂ ಕಿವಿಗೆ ಒಂದೇ ಧ್ವನಿ, ಹಾಡು ತಲೆಯ ನಟ್ಟನಡುವೆ ಕೂತಂತೆ ಕೇಳುತ್ತದೆ. ಅದು ಹೆಡ್‌ಫೋನಿನ ತಪ್ಪಲ್ಲ. ಟ್ರೆಬಲ್ ಎದ್ದ ದುಬಾರಿ ಹೆಡ್‌ಫೋನ್ ಇಲ್ಲಿ ಟೇಪಿನ ‘ಸ್ಸ್’ ಸದ್ದನ್ನೇ ಎತ್ತಿ ತೋರಿಸುತ್ತದೆ. ಸ್ವಲ್ಪ ಮೆತ್ತಗಿನದೇ ಹಿತ. 1984ರಿಂದ ಬರುತ್ತಿರುವ, 60 ಓಮ್‌ನ (ಓಮ್ ಲೆಕ್ಕ ಮುಂದೆ ಬರುತ್ತದೆ) ಕಾಸ್ ಪೋರ್ಟಾ ಪ್ರೊ ಹೆಡ್‌ಫೋನ್ ಇಂಥ ಹಾಡಿಗೆ ನನಗೆ ಈಗಲೂ ಇಷ್ಟ. ನೋಡಲು ಆಟಿಕೆ ಥರ ಇದೆ, ಇರಲಿ.

ಹೊಸ ಹಾಡು, ಡಿಜೆ, ಬೇಸ್ ಬೇಕು ಅನ್ನುವವರಿಗೆ ಕಡಿಮೆ ದುಡ್ಡಿನಲ್ಲಿ ಕಿವಿಯೊಳಗೆ ಕೂರುವ ಇಯರ್‌ಫೋನೇ ಸರಿ. ಒಂದೇ ಷರತ್ತು: ರಬ್ಬರ್ ತುದಿ ಕಿವಿಯನ್ನು ಪೂರ್ತಿ ಮುಚ್ಚಬೇಕು. ಸಂದು ಉಳಿದರೆ ಬೇಸ್ ಮಾಯ. ಬೆರಳಲ್ಲಿ ಮೆಲ್ಲಗೆ ಒತ್ತಿದಾಗ ಬೇಸ್ ಜಾಸ್ತಿಯಾದರೆ ನಿಮ್ಮ ರಬ್ಬರ್ ಅಳತೆ ತಪ್ಪಿದೆ ಅಂತ ಅರ್ಥ. ಡಬ್ಬಿಯಲ್ಲಿ ಬೇರೆ ಅಳತೆಯವೂ ಇರುತ್ತವೆ, ಹಾಕಿ ನೋಡಿ. ಎಷ್ಟೋ ಜನ ಆ ಪುಟ್ಟ ಚೀಲವನ್ನು ಬಿಚ್ಚುವುದೇ ಇಲ್ಲ.

ಕೂಲರ್ ಪಕ್ಕ ಓಪನ್ ಬ್ಯಾಕ್ ಬೇಡ

ಹೆಡ್‌ಫೋನ್‌ನಲ್ಲಿ ಎರಡು ಜಾತಿ. ಹಿಂಬದಿ ಮುಚ್ಚಿದ್ದು ಕ್ಲೋಸ್ಡ್ ಬ್ಯಾಕ್, ಜಾಳಿಗೆ ಇರುವುದು ಓಪನ್ ಬ್ಯಾಕ್. ಓಪನ್ ಬ್ಯಾಕ್‌ನಲ್ಲಿ ಹಾಡು ಹರಡಿಕೊಂಡು ಕೇಳುತ್ತದೆ, ಬೈಠಕ್‌ನಲ್ಲಿ ಕೂತ ಹಾಗೆ. ಇದನ್ನು ಓದಿಯೇ ನಾನು ಮೊದಲ ಸಲ 300 ಓಮ್‌ನ ಓಪನ್ ಬ್ಯಾಕ್ ತರಿಸಿದೆ. ಆದರೆ ನಮ್ಮೂರಲ್ಲಿ ಮಾರ್ಚ್‌ನಿಂದ ಜೂನ್‌ವರೆಗೆ ಕೂಲರ್ ಹಗಲೂ ರಾತ್ರಿ ಗರ್‌ ಅನ್ನುತ್ತಿರುತ್ತದೆ. ಆ ಗರ್‌ ನೇರವಾಗಿ ಜಾಳಿಗೆಯೊಳಗಿಂದ ಬಂದು ವಿಲಂಬಿತದ, ಅಂದರೆ ನಿಧಾನಗತಿಯ, ಆಲಾಪದ ಮೇಲೆ ಕೂತಿತು. ಹೋಗಲಿ ಅಂದರೆ ನನ್ನ ಹಾಡು ಮನೆಮಂದಿಗೆಲ್ಲ ಕೇಳುತ್ತಿತ್ತು. ‘ನಿಮ್ಮ ಆ ಆ ಆ ಸಾಕು ಮಾಡ್ರಿ’ ಅಂತ ಅಡುಗೆಮನೆಯಿಂದ ಆಜ್ಞೆ ಬಂತು.

ಹಾಗಂತ ಕ್ಲೋಸ್ಡ್ ಬ್ಯಾಕ್ ಹಾಕಿಕೊಂಡರೆ, 42 ಡಿಗ್ರಿ ಬಿಸಿಲಲ್ಲಿ ಕಿವಿ ಮಿರ್ಚಿ ಭಜಿ ಆಗುತ್ತದೆ. ಅದರಲ್ಲೂ ಲೆದರ್ ಥರದ ಕುಶನ್ ಬೆವರಿಗೆ ಸಿಪ್ಪೆ ಸುಲಿಯುತ್ತದೆ. ಬಟ್ಟೆ ಅಥವಾ ವೆಲ್ವೆಟ್ ಕುಶನ್ ಸಿಗುತ್ತಾ, ಕುಶನ್ ಬಿಚ್ಚಿ ಬದಲಿಸಲು ಬರುತ್ತಾ ಅಂತ ಮೊದಲೇ ನೋಡಿಕೊಳ್ಳಿ. ನನ್ನ ಲೆಕ್ಕ ಹೀಗೆ: ಬೇಸಿಗೆಗೆ ಇಯರ್‌ಫೋನ್, ಚಳಿಗಾಲದ ರಾತ್ರಿಗೆ ದೊಡ್ಡ ಹೆಡ್‌ಫೋನ್. ಆಳಂದ ಬಸ್ಸು, ಬೆಂಗಳೂರು ರೈಲು ಹತ್ತುವವರಿಗೆ ಕಿವಿ ಮುಚ್ಚುವ ಇಯರ್‌ಫೋನ್ ಬಿಟ್ಟರೆ ಬೇರೆ ದಾರಿ ಇಲ್ಲ. ಹೊರಗಿನ ಸದ್ದು ಕಡಿಮೆಯಾದಷ್ಟೂ ವಾಲ್ಯೂಮ್ ಕಡಿಮೆ ಸಾಕು. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳುವ ಮಿತಿ ವಾರಕ್ಕೆ 40 ಗಂಟೆ, 80 ಡೆಸಿಬೆಲ್. ಅದೇ 90 ಡೆಸಿಬೆಲ್‌ಗೆ ಹೋದರೆ ವಾರಕ್ಕೆ ಬರೀ 4 ಗಂಟೆ. ಬೆಂಗಳೂರು ರೈಲಿನಲ್ಲಿ ಜೋರಾಗಿ ಹಾಕಿಕೊಂಡರೆ ವಾರದ ಪಾಲು ದಾರಿಯಲ್ಲೇ ಮುಗಿಯುತ್ತದೆ.

ಆಂಪ್ ಬೇಕಾ? ಬೋರ್‌ವೆಲ್ ಲೆಕ್ಕ

ತಂಗಿಯ ಮಗ ಮೋಟಾರ್ ವೈಂಡಿಂಗ್ ಅಂಗಡಿಯಲ್ಲಿ ಕೆಲಸ ಮಾಡುತ್ತಾನೆ. ಅವನಿಗೆ ಅವನ ಭಾಷೆಯಲ್ಲೇ ಹೇಳಿದೆ. 32 ಅಡಿ ಬಾವಿಗೆ ಎಂಥ ಮೋಟಾರ್ ಇಳಿಸ್ತೀಯ? 300 ಅಡಿ ಬೋರಿಗೆ? ಹೆಡ್‌ಫೋನ್ ಡಬ್ಬಿಯ ಮೇಲೆ ಬರೆದಿರುವ ಓಮ್, ಅಂದರೆ ಇಂಪೀಡೆನ್ಸ್, ಹೆಚ್ಚುಕಡಿಮೆ ಬಾವಿಯ ಆಳ ಇದ್ದಂತೆ. ಓಮ್ ಜಾಸ್ತಿ ಇದ್ದರೆ ಜಾಸ್ತಿ ವೋಲ್ಟ್ ಬೇಕು. ಬೇಯರ್‌ಡೈನಾಮಿಕ್ ಡಿಟಿ 770 ಪ್ರೊ ಒಂದೇ ಹೆಸರಿನಲ್ಲಿ 32, 80, 250 ಓಮ್ ಅಂತ ಮೂರು ಬಗೆ ಬಂದಿದೆ. ಫೋನಿಗೆ ಹಾಕುವವರು ಕಣ್ಣುಮುಚ್ಚಿ 250 ತಂದರೆ ಪೇಚಾಟ.

ಓಮ್ ಒಂದೇ ಸಾಲದು. ಸೆನ್ಸಿಟಿವಿಟಿ ಅಂತ ಇನ್ನೊಂದು ಅಂಕಿ ಇರುತ್ತದೆ: 1 ಮಿಲಿವ್ಯಾಟ್ ಕೊಟ್ಟರೆ ಎಷ್ಟು ಡೆಸಿಬೆಲ್ ಸದ್ದು ಬರುತ್ತದೆ ಅಂತ. ಕೆಲವು ಕಂಪನಿ ಇದನ್ನೇ 1 ವೋಲ್ಟ್‌ಗೆ ಇಷ್ಟು ಅಂತ ಬರೆಯುತ್ತವೆ. ಎರಡನ್ನೂ ಹೋಲಿಸುವುದು ಸೇರಿನ ಲೆಕ್ಕವನ್ನು ಕಿಲೋ ಜೊತೆ ಹೋಲಿಸಿದಂತೆ. 32 ಓಮ್ ಹೆಡ್‌ಫೋನಿಗೆ ಮಿಲಿವ್ಯಾಟ್ ಲೆಕ್ಕದ 100 ಡೆಸಿಬೆಲ್, ವೋಲ್ಟ್ ಲೆಕ್ಕದಲ್ಲಿ 115 ಆಗುತ್ತದೆ.

ಈಗ ಲೆಕ್ಕ ಹಾಕೋಣ, ಕಷ್ಟ ಇಲ್ಲ. ವೋಲ್ಟನ್ನು ವೋಲ್ಟಿನಿಂದ ಗುಣಿಸಿ ಓಮ್‌ನಿಂದ ಭಾಗಿಸಿದರೆ ವ್ಯಾಟ್. ಫೋನಿನ ಬುಡಕ್ಕೆ ಚುಚ್ಚುವ ಚಿಕ್ಕ ಡಾಂಗಲ್ 1 ವೋಲ್ಟ್ ಕೊಡುತ್ತದೆ ಅಂದುಕೊಳ್ಳಿ. 32 ಓಮ್‌ಗೆ ಅದು 31 ಮಿಲಿವ್ಯಾಟ್. ಹಾಡಿನ ಅತಿ ಜೋರಿನ ಕ್ಷಣದಲ್ಲಿ ಸಿಗುವುದು ಆ 115 ಡೆಸಿಬೆಲ್. ಇಷ್ಟು ಯಾರಿಗೂ ಬೇಡ. ಅಂದರೆ ಸಾಮಾನ್ಯ ಇಯರ್‌ಫೋನಿಗೆ ದೊಡ್ಡ ಆಂಪ್ ತಂದರೆ ಅದರ ಬೇಳೆ ಬೇಯುವುದಿಲ್ಲ. (ತೊಗರಿ ನಾಡಿನಲ್ಲಿದ್ದು ಈ ಮಾತು ಬಳಸದೆ ಇರುವುದು ಹೇಗೆ?)

ಇನ್ನೊಂದು ಕಡೆ ಸೆನ್‌ಹೈಸರ್ ಎಚ್‌ಡಿ 600 ನೋಡಿ. 1997ರದ್ದು, 300 ಓಮ್, 1 ವೋಲ್ಟ್‌ಗೆ 97 ಡೆಸಿಬೆಲ್. ಅರ್ಧ ವೋಲ್ಟ್ ಕೊಡುವ ಫೋನಿನಲ್ಲಿ ಅದು 91ಕ್ಕೆ ಇಳಿಯುತ್ತದೆ. ಸಿನಿಮಾ ಹಾಡಿಗೆ ಅದೂ ಸಾಕು. ಆದರೆ ಖಯಾಲ್‌ನಲ್ಲಿ ಆಲಾಪ ತೀರಾ ಮೆಲ್ಲಗೆ, ವೇಗದ ಭಾಗವಾದ ದ್ರುತ್ ಜೋರು. ಆಲಾಪಕ್ಕೆ ವಾಲ್ಯೂಮ್ ಪೂರ್ತಿ ಏರಿಸಿದರೂ ಸಾಲದು ಅನಿಸುತ್ತದೆ. 4 ವೋಲ್ಟ್ ಕೊಡುವ ಆಂಪ್ ಇದ್ದರೆ 109 ಡೆಸಿಬೆಲ್‌ವರೆಗೂ ದಾರಿ ತೆರೆದಿರುತ್ತದೆ. ತೆಳು ಹಾಳೆಯಂಥ ಪೊರೆ ಅಲುಗಿ ಸದ್ದು ಮಾಡುವ ಪ್ಲೇನರ್ ಅನ್ನುವ ಜಾತಿಯ ಕೆಲವು ಹೆಡ್‌ಫೋನ್‌ಗಳು ಇನ್ನೂ ಹಟಮಾರಿ. ಹೈಫೈಮ್ಯಾನ್ ಎಚ್‌ಇ6 ಬರೀ 50 ಓಮ್, ಆದರೆ ಸೆನ್ಸಿಟಿವಿಟಿ 1 ಮಿಲಿವ್ಯಾಟ್‌ಗೆ 83.5 ಡೆಸಿಬೆಲ್. ಅದನ್ನು 110 ಡೆಸಿಬೆಲ್‌ಗೆ ಎತ್ತಲು ಸುಮಾರು 450 ಮಿಲಿವ್ಯಾಟ್ ಬೇಕು. ಓಮ್ ಕಡಿಮೆ ಅಂತ ಮೋಸ ಹೋಗಬೇಡಿ.

ಯಾವ ಬಗೆಯ ಆಂಪ್

2016ರಲ್ಲಿ ಐಫೋನ್ 7 ಬಂದಾಗ ಪಿನ್ ಚುಚ್ಚುವ ತೂತೇ ಹೋಯಿತು. ಆಮೇಲೆ ಉಳಿದ ಅನೇಕ ಕಂಪನಿಗಳೂ ಅದೇ ದಾರಿ ಹಿಡಿದವು. ಹಾಗಾಗಿ ಆ ತೂತಿಲ್ಲದ ಫೋನಿಗೆ ಪಿನ್ನಿನ ವೈರ್ ಹೆಡ್‌ಫೋನ್ ಹಾಕಬೇಕೆಂದರೆ ಡಾಂಗಲ್ ಬೇಕೇ ಬೇಕು. ಡಾಂಗಲ್ ಅಂದರೆ ಪುಟ್ಟ ಡ್ಯಾಕ್ ಮತ್ತು ಆಂಪ್. ಹೆಚ್ಚಿನವರಿಗೆ ಇಷ್ಟೇ ಸಾಕು. ಆಪಲ್‌ನ ಯುಎಸ್‌ಬಿ-ಸಿ ಡಾಂಗಲ್ ಚೆನ್ನಾಗಿದೆ, ಆದರೆ ಕೆಲವು ಆಂಡ್ರಾಯ್ಡ್ ಫೋನ್‌ಗಳಲ್ಲಿ ಪೂರ್ತಿ ವಾಲ್ಯೂಮ್ ಬರುವುದಿಲ್ಲ. ನಿಮ್ಮ ಫೋನಿಗೇ ಹಾಕಿ ನೋಡಿ ಕೊಳ್ಳಿ.

ಇದಕ್ಕಿಂತ ಬಲ ಬೇಕಾದರೆ 4.4 ಎಂಎಂ ಬ್ಯಾಲೆನ್ಸ್ಡ್ (ಎಡ, ಬಲಕ್ಕೆ ಬೇರೆಬೇರೆ ಜೋಡಿ ತಂತಿಯ) ತೂತು ಇರುವ ಡಾಂಗಲ್. ನಾನು ಹೇಳಿದ 4 ವೋಲ್ಟನ್ನು ಇಂಥವುಗಳಲ್ಲಿ ಅನೇಕವು ಮುಟ್ಟುತ್ತವೆ. ಹೆಡ್‌ಫೋನ್ ವೈರ್ ಕೂಡ ಅದೇ ಪಿನ್ನಿನದಾಗಿರಬೇಕು, ಮರೆಯಬೇಡಿ. ಡಾಂಗಲ್ ಫೋನಿನ ಬ್ಯಾಟರಿಯನ್ನೇ ತಿನ್ನುತ್ತದೆ. ತನ್ನದೇ ಬ್ಯಾಟರಿ ಇರುವ ಆಂಪ್ ಬೇರೆ ಬರುತ್ತದೆ, ಕರೆಂಟ್ ಕೈಕೊಡುವ ಊರಿಗೆ ಅದು ಒಳ್ಳೆಯದು, ಜೇಬಿಗೆ ಭಾರ. ಬ್ಲೂಟೂತ್‌ನಲ್ಲಿ ಹಾಡು ಪಡೆದು ವೈರ್ ಹೆಡ್‌ಫೋನಿಗೆ ಕೊಡುವ ಪುಟ್ಟ ಆಂಪ್‌ಗಳೂ ಇವೆ. ವಾಕಿಂಗ್‌ಗೆ ಹೋಗುವವರಿಗೆ ಹೇಳಿ ಮಾಡಿಸಿದ್ದು.

ಆಂಪ್ ತುಂಬಾ ಬಲವಾಗಿದ್ದು ಇಯರ್‌ಫೋನ್ ತುಂಬಾ ಸೂಕ್ಷ್ಮವಾಗಿದ್ದರೆ ಹಾಡು ನಿಂತಾಗ ‘ಸ್ಸ್’ ಕೇಳುತ್ತದೆ. ಆಂಪ್‌ನ ಬಲ ತಗ್ಗಿಸುವ ಲೋ ಗೇನ್ ಬಟನ್ ಇರುವುದನ್ನೇ ಆರಿಸಿ. ಔಟ್‌ಪುಟ್ ಇಂಪೀಡೆನ್ಸ್, ಅಂದರೆ ಆಂಪ್‌ನದೇ ಓಮ್, ಬರೆದಿದ್ದರೆ ಅದು ಹೆಡ್‌ಫೋನ್ ಓಮ್‌ನ ಎಂಟನೇ ಒಂದು ಭಾಗಕ್ಕಿಂತ ಕಡಿಮೆ ಇರಲಿ. 16 ಓಮ್‌ಗೆ 2 ಓಮ್ ಒಳಗೆ.

ಬೇಸ್ ಕಡಿಮೆ ಅನಿಸಿದರೆ ಅದಕ್ಕೆ ಆಂಪ್ ಔಷಧಿ ಅಲ್ಲ. ಫೋನಿನ ಈಕ್ವಲೈಜರ್‌ನಲ್ಲಿ ಎರಡು ಗೆರೆ ಎಳೆದು ನೋಡಿ, ಪುಕ್ಕಟೆ. ನನ್ನ ಕೈಯಲ್ಲಿ ಹತ್ತು ರೂಪಾಯಿ ಇದ್ದರೆ ಎಂಟು ಹೆಡ್‌ಫೋನಿಗೆ, ಎರಡು ಆಂಪ್‌ಗೆ.

ಅಂಗಡಿಯಲ್ಲಿ, ಆಮೇಲೆ ಮನೆಯಲ್ಲಿ

ನಮ್ಮೂರ ಪೇಟೆ ಸೂಪರ್ ಮಾರ್ಕೆಟ್ ಕಡೆ ಹೋಗುವಾಗ ನಿಮ್ಮ ಹತ್ತು ಹಾಡು ಫೋನಿನಲ್ಲೇ ಇರಲಿ. ಅಂಗಡಿಯವರು ಹಾಕುವ ‘ಡೆಮೊ’ ಹಾಡು ಯಾವ ಹೆಡ್‌ಫೋನಿನಲ್ಲಿ ಹಾಕಿದರೂ ಚೆನ್ನಾಗಿಯೇ ಕೇಳುತ್ತದೆ. ಎಡ, ಬಲ ಸಮ ಇದೆಯಾ ನೋಡಲು ಒಂದು ಮೋನೊ ಹಾಡು ಸಾಕು: ಕಂಠ ನಟ್ಟನಡುವೆ ನಿಲ್ಲಬೇಕು. ವೈರ್ ಕಳಚಲು ಬರುವುದಾದರೆ ಒಳ್ಳೆಯದು, ಮೊದಲು ಕೆಡುವುದೇ ವೈರು. ಹೆಸರಾಂತ ಕಂಪನಿಯ ಮಾಲು ಅರ್ಧ ಬೆಲೆಗೆ ಸಿಕ್ಕರೆ ಅನುಮಾನ ಪಡಿ. ನಾನೂ ಒಮ್ಮೆ ನಕಲಿ ಕೊಂಡವನೇ. ಡಬ್ಬಿಯ ಮೇಲಿನ ಕಾಗುಣಿತ ತಪ್ಪಿತ್ತು, ಮನೆಗೆ ಬಂದ ಮೇಲೆ ಓದಿದೆ. ಜಿಎಸ್‌ಟಿ ಬಿಲ್ ಕೇಳಿ ಇಸಿದುಕೊಳ್ಳಿ.

ಮನೆಯಲ್ಲಿ ಡಾಂಗಲ್ ಮತ್ತು ಆಂಪ್ ಹೋಲಿಸುವಾಗ ವಾಲ್ಯೂಮ್ ಸಮ ಮಾಡಿಕೊಳ್ಳಿ. ತುಸು ಜೋರಾಗಿರುವುದೇ ಚೆಂದ ಅಂತ ಕಿವಿ ಹೇಳುತ್ತದೆ, ಅದು ಕಿವಿಯ ಹಳೇ ಚಾಳಿ. ತಂಗಿಯ ಮಗ ಕೊನೆಗೆ ಎರಡು ಸಾವಿರದೊಳಗೆ 32 ಓಮ್‌ನ ವೈರ್ ಇಯರ್‌ಫೋನ್, ಒಂದು ಡಾಂಗಲ್ ತಂದ. ಅವನ ಮಲ್ಟಿಮೀಟರ್ ಇತ್ತು. ಫೋನಿನಲ್ಲಿ 60 ಹರ್ಟ್ಜ್‌ನ ಟೋನ್ ಹಾಕಿ, ಆಕ್ಸ್ ವೈರಿನ ಪಿನ್ನಿನ ತುದಿಗೆ ಒಂದು ಕಡ್ಡಿ, ಬುಡಕ್ಕೆ ಇನ್ನೊಂದು ಹಿಡಿದು ಎಸಿ ವೋಲ್ಟ್ ಅಳೆದೆವು. ಡಾಂಗಲ್, ಆಂಪ್ ಎರಡರಲ್ಲೂ ಒಂದೇ ವೋಲ್ಟ್ ಬರುವ ಹಾಗೆ ವಾಲ್ಯೂಮ್ ಗುರುತು ಮಾಡಿಕೊಂಡೆವು. ಆಮೇಲೆ ಅವನು ಕಣ್ಣಿಗೆ ಟವೆಲ್ ಕಟ್ಟಿಕೊಂಡು ಕೂತ, ನಾನು ಬದಲಿಸುತ್ತಾ ಹೋದೆ. ‘ಇದು ಆಂಪ್... ಅಲ್ಲಲ್ಲ, ಡಾಂಗಲ್.’ ಹತ್ತು ಸಲದಲ್ಲಿ ಐದು ಸಲ ಸರಿ ಹೇಳಿದ.

ಎಂಟು ಸಾವಿರದ ಆ ಡಬ್ಬಿ ಈಗ ನನ್ನ ಹತ್ತಿರ ಇದೆ, ಆರು ಸಾವಿರಕ್ಕೆ ಕೊಟ್ಟ. ಆ 300 ಓಮ್ ಓಪನ್ ಬ್ಯಾಕ್‌ಗೆ ಅದು ಬೇಕಿತ್ತು. ಕೂಲರ್ ಒಳಗಿಟ್ಟ ಮೇಲೆ ಹಾಕಿಕೊಳ್ಳುತ್ತೇನೆ, ಅಡುಗೆಮನೆಯ ಬಾಗಿಲು ಮುಂದೆ ಮಾಡಿ.