ಮಂಡಿ ನೋವು ಅಂದ್ರೆ ಸೊಂಟದ ಕೀಲನ್ನೂ ನೋಡಿಸಿ

ಕಬಡ್ಡಿ, ಖೋ ಖೋ ಆಡೋ ಮಕ್ಕಳಿರೋರು ಸ್ವಲ್ಪ ಗಮನಿಸಿ. ನಮ್ಮಕ್ಕನ ಮಗ, 13 ವರ್ಷ, ಮೂರು ವಾರ ‘ಮಂಡಿ ನೋವು’ ಅಂತಿದ್ದ. ನಾವು ಎಣ್ಣೆ ತಿಕ್ಕಿದ್ದೇ ತಿಕ್ಕಿದ್ದು. ಮಂಡಿ ಎಕ್ಸ್‌ರೇಲಿ ಏನೂ ಇರಲಿಲ್ಲ. ಆದ್ರೆ ಕುಂಟುವಾಗ ಪಾದ ಹೊರಕ್ಕೆ ತಿರುಗಿರ್ತಿತ್ತು. ಅದನ್ನ ಕಂಡ ಮೂಳೆ ಡಾಕ್ಟರು ಸೊಂಟದ ಎಕ್ಸ್‌ರೇ ತೆಗೆಸಿದ್ರು. ತೊಡೆಮೂಳೆಯ ತಲೆ (ಸೊಂಟದ ಕೀಲಲ್ಲಿ ಕೂರೋ ಗುಂಡು ಭಾಗ), ಮೂಳೆ ಬೆಳೆಯೋ ಜಾಗದಲ್ಲೇ ಜಾರಿತ್ತು! ಸ್ಕ್ರೂ ಹಾಕಿ ನಿಲ್ಲಿಸಿದ್ರು.

ಬೆಳೆಯೋ ವಯಸ್ಸಲ್ಲಿ, ಅದ್ರಲ್ಲೂ ತೂಕ ಜಾಸ್ತಿ ಇರೋ ಮಕ್ಕಳಲ್ಲಿ ಇದು ಹೆಚ್ಚು. ಸೊಂಟದ ನೋವು ಮಂಡಿಯಲ್ಲಿ ಕಾಣಿಸ್ಕೊಳ್ಳುತ್ತೆ, ಅದೇ ಮೋಸ. ಅನುಮಾನ ಬಂದ್ರೆ ಆಟ ನಿಲ್ಲಿಸಿ, ಆ ಕಾಲಿನ ಮೇಲೆ ಭಾರ ಹಾಕಿಸದೆ ಅದೇ ದಿನ ಆಸ್ಪತ್ರೆಗೆ ಕರ್ಕೊಂಡು ಹೋಗಿ. ಎರಡೂ ಕಡೆ ಸೊಂಟದ ಕೀಲಿನ ಎಕ್ಸ್‌ರೇ ಬೇಕಾ ಅಂತ ಕೇಳಿ. ಮಾಲೀಶು, ಕಾಲು ಎಳೆಸೋದು ಮಾತ್ರ ಬೇಡವೇ ಬೇಡ.