ರಾಜಾಸೀಟ್ ಇಲ್ಲದ ಒಂದು ದಿನ: ನನ್ನ ಅನುಭವ

ಅಬ್ಬಿ ಜಲಪಾತ, ರಾಜಾಸೀಟ್, ದುಬಾರೆ, ಗೋಲ್ಡನ್ ಟೆಂಪಲ್. ಈ ನಾಲ್ಕನ್ನೂ ಕೈಬಿಟ್ಟು ಮಡಿಕೇರಿಯಿಂದ ಒಂದು ದಿನದ ಖಾಸಗಿ ಪ್ರವಾಸ ನಡೆಸುತ್ತೇನೆ ಎಂದಾಗ ನಮ್ಮ ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ ನಗದವರಿಲ್ಲ. "ಹಳೇ ಕಲ್ಲು ನೋಡಬೇಕು ಅನ್ನುವವರು ಹಂಪಿಗೆ ಹೋಗುತ್ತಾರೆ ಮಾರಾಯ, ನಿನ್ನ ಹತ್ತಿರ ಯಾಕೆ ಬರುತ್ತಾರೆ?" ಎಂದು ಹಿರಿಯ ಚಾಲಕರೊಬ್ಬರು ಎಲ್ಲರೆದುರೇ ಕೇಳಿದ್ದರು. ಈಗ ಅವರೇ ಆಗಾಗ ಗಿರಾಕಿಗಳನ್ನು ನನ್ನ ಕಡೆ ದಾಟಿಸುತ್ತಾರೆ. ಕಮಿಷನ್ ಕೇಳುತ್ತಾರೆ, ಅದು ಬೇರೆ ಮಾತು. ಹೇಗೆ ಮಾಡುತ್ತೀಯ ಎಂದು ಕೇಳುವ ಚಾಲಕರು ಹೆಚ್ಚಾಗಿದ್ದಾರೆ, ಅದಕ್ಕೆ ಬರೆಯುತ್ತಿದ್ದೇನೆ. ಪರ್ಮಿಟ್, ಬಾಡಿಗೆ, ಪಿಕಪ್ಪಿನ ವಿಷಯ ನಿಮಗೆಲ್ಲ ಗೊತ್ತೇ ಇದೆ, ಅದಕ್ಕೆ ಕೈಹಾಕುವುದಿಲ್ಲ.

ಮೊದಲು ದುಡ್ಡಿನ ವಿಚಾರ. ಹಳೆಯ ಲೋಕಲ್ ಪ್ಯಾಕೇಜಿನಲ್ಲಿ ದಿನಕ್ಕೆ ಮೂರು ಸಾವಿರದ ಆಸುಪಾಸು ಸಿಗುತ್ತಿತ್ತು. ಗಿರಾಕಿ ಕಳುಹಿಸಿದ ಹೋಂಸ್ಟೇಗೆ ಐನೂರು, ಡೀಸೆಲ್ಲಿಗೆ ಎಂಟುನೂರು, ಅಬ್ಬಿಯ ದಾರಿಯ ಜಾಮ್‌ನಲ್ಲಿ ಕ್ಲಚ್ ತುಳಿದು ತುಳಿದು ವರ್ಷಕ್ಕೊಮ್ಮೆ ಕ್ಲಚ್ ಪ್ಲೇಟು. ಶನಿವಾರ, ಭಾನುವಾರ ಬಿಟ್ಟರೆ ವಾರವೆಲ್ಲ ಗಾಡಿ ನಿಂತೇ ಇರುತ್ತಿತ್ತು. 2018ರ ಮಳೆಯಲ್ಲಿ ಮಕ್ಕಂದೂರು, ಹಟ್ಟಿಹೊಳೆ ಕಡೆ ಗುಡ್ಡ ಕುಸಿದ ಮೇಲೆ ಸೀಸನ್ನೇ ಎದ್ದುಹೋಯಿತು. ಆಗ ಕೈಯಲ್ಲಿ ಕೆಲಸವಿರಲಿಲ್ಲ. ಜಿಲ್ಲೆಯ ಉತ್ತರ ತುದಿಯ ಗುಡಿ, ಬಸದಿಗಳನ್ನು ಬೈಕಿನಲ್ಲಿ ಸುತ್ತಿ ನೋಡಿದ್ದು ಆಗಲೇ.

ಮೊದಲ ಪ್ರಯತ್ನದಲ್ಲಿ ಪಟ್ಟಿಯಲ್ಲಿ ಎಂಟು ಜಾಗ ಇದ್ದವು. ಕೋಟೆ, ಓಂಕಾರೇಶ್ವರ, ಗದ್ದುಗೆ, ಭಾಗಮಂಡಲ, ಪಾಡಿ ಇಗ್ಗುತ್ತಪ್ಪ, ನಾಲ್ಕುನಾಡು ಅರಮನೆ, ಇನ್ನೆರಡು. ಸಂಜೆ ಐದಕ್ಕೆ ಕಕ್ಕಬ್ಬೆ ದಾಟುವಾಗ ಹಿಂದಿನ ಸೀಟಿನಲ್ಲಿ ಮೂವರಿಗೂ ನಿದ್ದೆ. ನಾಲ್ಕುನಾಡು ಅರಮನೆಯ ಮುಂದೆ ಗಾಡಿ ನಿಲ್ಲಿಸಿ ಎಬ್ಬಿಸಿದರೆ ಯಜಮಾನರು ಕಣ್ಣುಜ್ಜಿಕೊಂಡು, "ಫೋಟೋ ತೆಗೆದುಕೊಂಡು ಬನ್ನಿ ಸಾರ್, ನಾವು ಇಲ್ಲೇ ಇರುತ್ತೇವೆ" ಎಂದರು. ನಾನೇ ಇಳಿದು ಅವರ ಮೊಬೈಲಿನಲ್ಲಿ ಫೋಟೋ ತೆಗೆದುಕೊಟ್ಟೆ.

ಆಮೇಲೆ ಒಂದು ರೆಸಾರ್ಟಿನ ಟ್ರಾವೆಲ್ ಡೆಸ್ಕಿನ ಮೂಲಕ ನೋಡಿದೆ. ಅವರು ಗಿರಾಕಿಯಿಂದ ಏಳು ಸಾವಿರ ತೆಗೆದುಕೊಂಡು ನನಗೆ ಎರಡೂವರೆ ಕೊಡುತ್ತಿದ್ದರು, ಅದೂ ತಿಂಗಳ ಕೊನೆಗೆ. ಗಿರಾಕಿಗೆ 'ಹೆರಿಟೇಜ್ ಟೂರ್' ಎಂದು ಮಾತ್ರ ಹೇಳಿ ಕಳುಹಿಸುತ್ತಿದ್ದುದರಿಂದ, ದುಬಾರೆಯ ಆನೆ ಸ್ನಾನ ಎಲ್ಲಿ ಎಂದು ಕೇಳುವ ಮಕ್ಕಳೇ ಹೆಚ್ಚು ಬರುತ್ತಿದ್ದರು. ಎಂಟು ಸಾವಿರ ಸುರಿದು ಬಣ್ಣದ ಕರಪತ್ರ ಅಚ್ಚು ಹಾಕಿಸಿದ್ದೂ ಉಂಟು. ಅದರಿಂದ ಒಂದೇ ಒಂದು ಫೋನ್ ಬಂತು, ಅದೂ ಇನ್ನೊಬ್ಬ ಮುದ್ರಣಾಲಯದವನದು.

ಕೈಹಿಡಿದದ್ದು ಇಷ್ಟು: ಜಾಗ ನಾಲ್ಕೋ ಐದೋ, ಗಾಡಿಯಲ್ಲಿ ಒಂದೇ ಮನೆಯವರು, ವಾರದ ನಡುವಿನ ದಿನ, ಕಿಲೋಮೀಟರ್ ಲೆಕ್ಕ ಬಿಟ್ಟು ದಿನದ ಲೆಕ್ಕ, ಅರ್ಧ ಹಣ ಮುಂಗಡ. ದಕ್ಷಿಣಕ್ಕೆ ಎಲ್ಲರೂ ಹೋಗುತ್ತಾರೆ, ನಾನು ಉತ್ತರಕ್ಕೆ ಹೊರಟೆ.

ಬೆಳಗ್ಗೆ ಏಳೂವರೆಗೆ ಮಹದೇವಪೇಟೆಯ ಗದ್ದುಗೆ. ಊರೊಳಗೇ ಇದ್ದರೂ ರಾಜಾಸೀಟಿಗೆ ಬಂದವರಲ್ಲಿ ನೂರಕ್ಕೆ ತೊಂಬತ್ತು ಮಂದಿ ಇದನ್ನು ನೋಡಿರುವುದಿಲ್ಲ. ಕೊಡಗಿನ ಅರಸ ದೊಡ್ಡವೀರರಾಜೇಂದ್ರ ಮತ್ತು ರಾಣಿ ಮಹದೇವಮ್ಮಾಜಿಯರ ಸಮಾಧಿ ನಡುವೆ, ಲಿಂಗರಾಜೇಂದ್ರನದು ಪಕ್ಕದಲ್ಲಿ. ಗುಮ್ಮಟ, ಮೂಲೆಗೊಂದು ಮಿನಾರು ನೋಡಿ ಗಿರಾಕಿಗಳು, "ಇದು ಮಸೀದಿಯಾ?" ಎಂದು ಕೇಳಿಯೇ ಕೇಳುತ್ತಾರೆ. ಲಿಂಗಾಯತ ಅರಸರ ಸಮಾಧಿ ಎಂದು ಹೇಳಿದಾಗ ಮುಖದಲ್ಲಿ ಮೂಡುವ ಅಚ್ಚರಿಯೇ ನನ್ನ ದಿನದ ಬೋಣಿ. ಎರಡನೆಯ ಪ್ರಶ್ನೆಯೂ ಗೊತ್ತಿದ್ದದ್ದೇ: "ಕೊನೆಯ ರಾಜನದು ಯಾವುದು?" ಚಿಕ್ಕವೀರರಾಜೇಂದ್ರನ ಸಮಾಧಿ ಇಲ್ಲಿಲ್ಲ. 1834ರಲ್ಲಿ ಬ್ರಿಟಿಷರು ಅವನನ್ನು ಪಟ್ಟದಿಂದಿಳಿಸಿ ಕಾಶಿಗೆ ಕಳುಹಿಸಿದರು. 1852ರಲ್ಲಿ ಮಗಳು ಗೌರಮ್ಮನೊಂದಿಗೆ ಇಂಗ್ಲೆಂಡಿಗೆ ಹೋದವನು ಮತ್ತೆ ಕೊಡಗಿಗೆ ಬರಲೇ ಇಲ್ಲ. ಇಷ್ಟನ್ನು ಗದ್ದುಗೆಯ ಮೆಟ್ಟಿಲ ಮೇಲೆ ಕೂರಿಸಿ ಹೇಳುತ್ತೇನೆ, ನಿಲ್ಲಿಸಿ ಹೇಳುವುದಿಲ್ಲ. ನಿಂತು ಕೇಳುವವರ ಕಣ್ಣು ಐದು ನಿಮಿಷಕ್ಕೆ ಗಾಡಿಯ ಕಡೆ ಹೊರಳುತ್ತದೆ.

ಅಲ್ಲಿಂದ ಮಕ್ಕಂದೂರು, ಹಟ್ಟಿಹೊಳೆ, ಮಾದಾಪುರದ ದಾರಿ. ಹಾಲೇರಿಗೆ ಹೋಗಿಬರುವುದು ಗಿರಾಕಿಯ ಮನಸ್ಸು ನೋಡಿಕೊಂಡು. ಅರಸು ಮನೆತನಕ್ಕೆ ಹೆಸರು ಕೊಟ್ಟ ಊರು ಅದು. ಮುದ್ದುರಾಜ 1681ರಲ್ಲಿ ರಾಜಧಾನಿಯನ್ನು ಮಡಿಕೇರಿಗೆ ತಂದ ಮೇಲೆ ಅಲ್ಲಿ ಉಳಿದದ್ದು ಕಡಿಮೆ. ಇತಿಹಾಸದ ಹುಚ್ಚಿದ್ದವರಿಗೆ ಮಾತ್ರ ತೋರಿಸುತ್ತೇನೆ, ಉಳಿದವರಿಗೆ ಬರೀ ಕಾಡುಗಿಡ ಕಂಡಂತೆ ಆಗುತ್ತದೆ.

ಸೋಮವಾರಪೇಟೆಯಲ್ಲಿ ಕಾಫಿ ಕುಡಿದು ದೊಡ್ಡಮಳ್ತೆ. ಹೊನ್ನಮ್ಮನ ಕೆರೆಗೆ ಗೌರಿ ಹಬ್ಬದ ದಿನ ಬಾಗಿನ ಬಿಡುವುದು ನೋಡಲು ಜಾತ್ರೆಯಷ್ಟು ಜನ ಸೇರುತ್ತಾರೆ, ಉಳಿದ ದಿನ ಅಲ್ಲಿ ಎಮ್ಮೆ ಮೈತೊಳೆಯುವವರೂ ಸಿಗುವುದಿಲ್ಲ. ಕೆರೆಗೆ ನೀರು ಬರಲೆಂದು ಪ್ರಾಣ ಕೊಟ್ಟ ಹೊನ್ನಮ್ಮನ ಕಥೆಯನ್ನು ನಾನು ಹೇಳುವುದಿಲ್ಲ, ಊರಿನ ಅಜ್ಜಿಯೊಬ್ಬರಿಂದ ಹೇಳಿಸುತ್ತೇನೆ. ಅಜ್ಜಿಗೆ ಎಲೆ ಅಡಿಕೆಯೂ ಇನ್ನೂರು ರೂಪಾಯಿಯೂ. ನನ್ನ ಇಡೀ ಪ್ರವಾಸದಲ್ಲಿ ಇಷ್ಟು ಅಗ್ಗದ, ಇಷ್ಟು ಬೆಲೆಬಾಳುವ ಖರ್ಚು ಇನ್ನೊಂದಿಲ್ಲ.

ಅಲ್ಲೇ ಮೋರಿಬೆಟ್ಟದಲ್ಲಿ ಬೃಹತ್ ಶಿಲಾಯುಗದ ಕಲ್ಗೋರಿಗಳಿವೆ. ಚಪ್ಪಡಿಗಳನ್ನು ಪೆಟ್ಟಿಗೆಯಂತೆ ನಿಲ್ಲಿಸಿ ಮೇಲೊಂದು ಚಪ್ಪಡಿ ಮುಚ್ಚಿದ್ದು. ಪಾಂಡವರು ಕಟ್ಟಿದ್ದೆಂದು ಊರವರ ಮಾತು. ಮಳೆ ನಿಂತ ಹೊಸದರಲ್ಲಿ ಹುಲ್ಲು ಸೊಂಟದವರೆಗೆ ಬೆಳೆದಿರುತ್ತದೆ, ಜಿಗಣೆ ಬೇರೆ. ಗಿರಾಕಿಗಳ ಕಾಲಿಗೆ ಹಚ್ಚಲು ಮಾರುಕಟ್ಟೆಯಲ್ಲಿ ಸಿಗುವ ಎಣ್ಣೆ, ಮುಲಾಮು ಎಲ್ಲ ಪರೀಕ್ಷಿಸಿದ್ದೇನೆ. ಹೊಗೆಸೊಪ್ಪು ನೆನೆಸಿದ ನೀರಿನಲ್ಲಿ ಅದ್ದಿ ಒಣಗಿಸಿದ ದಪ್ಪ ಕಾಲುಚೀಲದ ಮುಂದೆ ಎಲ್ಲವೂ ಸೋತವು. ಅರ್ಧ ಡಜನ್ ಜೊತೆ ಡಿಕ್ಕಿಯಲ್ಲಿ ಸದಾ ಇರುತ್ತವೆ.

ಇನ್ನು ಮುಳ್ಳೂರು. ಶನಿವಾರಸಂತೆಯ ಹತ್ತಿರದ ಈ ಊರಿನ ಮೂರು ಬಸದಿಗಳು, ಪಾರ್ಶ್ವನಾಥ, ಶಾಂತಿನಾಥ, ಚಂದ್ರನಾಥ, ನನ್ನ ಪ್ರವಾಸದ ಗಟ್ಟಿ ಕಾಳು. ಹನ್ನೊಂದನೆಯ ಶತಮಾನದಲ್ಲಿ ಇಲ್ಲಿ ಆಳಿದ ಕೊಂಗಾಳ್ವರ ಕಾಲದವು. ಕೊಡಗೆಂದರೆ ಹಾಲೇರಿ ಅರಸರು ಎಂದುಕೊಂಡು ಬಂದವರಿಗೆ ಅದಕ್ಕೂ ಆರುನೂರು ವರ್ಷ ಹಿಂದೆ ಇಲ್ಲಿ ಚೋಳರ ಸಾಮಂತರಿದ್ದರು, ಜೈನ ಗುರುಗಳಿದ್ದರು ಎಂದರೆ ನಂಬಿಕೆಯೇ ಬರುವುದಿಲ್ಲ. ಪನಸೋಗೆಯ ಕಾಳಗದಲ್ಲಿ ಗೆದ್ದುಕೊಟ್ಟ ಮನಿಜನಿಗೆ ರಾಜರಾಜ ಚೋಳ ಕೊಂಗಾಳ್ವ ಎಂಬ ಬಿರುದನ್ನೂ ಮಾಲಂಬಿ ಎಂಬ ಊರನ್ನೂ ಕೊಟ್ಟ ಕಥೆಯನ್ನು ಗಾಡಿಯಲ್ಲೇ ಮುಗಿಸಿಬಿಡುತ್ತೇನೆ. ಬಸದಿಯ ಮುಂದೆ ಹೆಸರುಗಳ ಗೋಜಲು ಬೇಡ. ಅಲ್ಲಿ ಎರಡೇ ಹೆಸರು: ರಾಜೇಂದ್ರ ಕೊಂಗಾಳ್ವನ ತಾಯಿ ಪೋಚಬ್ಬರಸಿ, ಅವಳ ಗುರು ಗುಣಸೇನ ಪಂಡಿತ.

ಮೊದಮೊದಲು ಇಲ್ಲಿಯೂ ಸೋಲೇ. ಮಧ್ಯಾಹ್ನ ಹನ್ನೆರಡಕ್ಕೆ ತಲುಪುತ್ತಿದ್ದೆ. ನೆತ್ತಿಯ ಬಿಸಿಲಿಗೆ ಸವೆದ ಶಾಸನದ ಕಲ್ಲು ಬೋಳು ಬೋಳಾಗಿ ಕಾಣುತ್ತದೆ. "ಇದರಲ್ಲಿ ಏನೂ ಬರೆದೇ ಇಲ್ಲವಲ್ಲ" ಎನ್ನುವವರಿಗೆ ಉತ್ತರ ಕೊಡುವುದು ಹೇಗೆ? ಕೆಲವರು ಕಲ್ಲಿಗೆ ಸೀಮೆಸುಣ್ಣ ಉಜ್ಜುತ್ತಾರೆ, ಹಿಟ್ಟು ಬಳಿಯುತ್ತಾರೆ. ದಯವಿಟ್ಟು ಆ ಕೆಲಸ ಮಾಡಬೇಡಿ. ಅದು ಪುರಾತತ್ವ ಇಲಾಖೆಯ ಸಂರಕ್ಷಿತ ಜಾಗ, ಕಲ್ಲೂ ಕೆಡುತ್ತದೆ, ನಿಮ್ಮ ಹೆಸರೂ ಕೆಡುತ್ತದೆ. ಟಾರ್ಚ್ ತಂದೆ, ಹಗಲಿನಲ್ಲಿ ಅದರ ಬೆಳಕು ಏತಕ್ಕೂ ಸಾಲದು.

ಕೊನೆಗೆ ಗೆದ್ದದ್ದು ಕನ್ನಡಿ. ಹಳೆಯ ಬೀರುವಿನ ಬಾಗಿಲಿನಿಂದ ಕೊಯ್ಯಿಸಿದ ಒಂದೂವರೆ ಅಡಿಯ ಕನ್ನಡಿಗೆ ಪ್ಲೈವುಡ್ಡಿನ ಬೆನ್ನು ಹಾಕಿಸಿದೆ, ಖರ್ಚು ಮುನ್ನೂರರ ಒಳಗೆ. ಕ್ಷೌರದ ಕನ್ನಡಿಯಲ್ಲೂ ನೋಡಿದೆ, ಬೆಳಕಿನ ತುಣುಕು ಅಂಗೈಯಷ್ಟೇ ಬೀಳುತ್ತದೆ. ಗಿರಾಕಿಗಳಲ್ಲಿ ಒಬ್ಬರು ದೊಡ್ಡ ಕಪ್ಪು ಕೊಡೆ ಬಿಡಿಸಿ ಕಲ್ಲಿಗೆ ನೆರಳು ಮಾಡಬೇಕು. ನಾನು ಹತ್ತು ಹದಿನೈದು ಅಡಿ ದೂರದ ಬಿಸಿಲಿನಲ್ಲಿ ಕೂತು, ಕನ್ನಡಿಯಿಂದ ಬೆಳಕನ್ನು ಕಲ್ಲಿನ ಮೈಗೆ ಪಕ್ಕದಿಂದ, ಸವರಿಕೊಂಡು ಹೋಗುವಂತೆ ಹಾಯಿಸುತ್ತೇನೆ. ಕನ್ನಡಿಯನ್ನು ಕೂದಲೆಳೆಯಷ್ಟು ತಿರುಗಿಸಿದರೂ ಸಾಕು, ಬೋಳು ಕಲ್ಲಿನಿಂದ ಸಾಲಿನ ಮೇಲೆ ಸಾಲು ಏಳುತ್ತದೆ. ಗ, ನ, ರ, ಮ ಇಂದಿನವುಗಳಿಗೆ ಹತ್ತಿರವೇ ಇರುವುದರಿಂದ ಕನ್ನಡ ಬಲ್ಲವರಿಗೆ ಒಂದೆರಡು ಅಕ್ಷರ ಸಿಕ್ಕೇ ಸಿಗುತ್ತವೆ. ಮೂರನೆಯ ತರಗತಿಯ ಹುಡುಗಿಯೊಬ್ಬಳು, "ಅಪ್ಪಾ, ಇಲ್ಲಿ ಗ ಇದೆ!" ಎಂದು ಕೂಗಿದ ಮೇಲೆ ಅವಳ ಅಪ್ಪ ಕೊಡೆ ಹಿಡಿದು ಮುಕ್ಕಾಲು ಗಂಟೆ ನಿಂತಿದ್ದರು. ಅವರ ಮೂಲಕ ಆಮೇಲೆ ಬಂದ ಗಿರಾಕಿಗಳೇ ಹತ್ತು ಮನೆಯವರಿರಬಹುದು. ಕನ್ನಡಿಯನ್ನು ಎಲ್ಲಿ ಕೂತು, ಎಷ್ಟು ಹೊತ್ತಿಗೆ ಹಿಡಿಯಬೇಕೆಂಬುದು ನನ್ನ ಅನ್ನ, ಅಷ್ಟನ್ನು ಹೇಳುವುದಿಲ್ಲ. ನೀವೇ ಹೋಗಿ ಕೂತು ನೋಡಿ, ಎರಡು ದಿನದಲ್ಲಿ ತಿಳಿಯುತ್ತದೆ.

ಊಟ ಶನಿವಾರಸಂತೆಯ ಬಳಿ ಒಂದು ಮನೆಯಲ್ಲಿ. ಅಕ್ಕಿ ರೊಟ್ಟಿ, ಎಣ್ಣೆಗಾಯಿ, ಮಳೆಗಾಲವಾದರೆ ಕಳಲೆ ಪಲ್ಯ. ತಲೆಗೆ ಇನ್ನೂರೈವತ್ತು. ಯಾರ ಮನೆ ಎಂದು ಕೇಳಬೇಡಿ. ಪಂದಿಕರಿ, ಅಂದರೆ ಹಂದಿ ಸಾರು, ಬೇಕೆನ್ನುವವರಿಗೆ ರಾತ್ರಿ ಮಡಿಕೇರಿಯಲ್ಲಿ ತಿನ್ನಿ ಎನ್ನುತ್ತೇನೆ, ಬಸದಿಗೆ ಹೋಗುವ ದಿನ ಗಾಡಿಯಲ್ಲಿ ಮಾಂಸ ಇಡುವುದಿಲ್ಲ. ಶನಿವಾರ ಮಾತ್ರ ಈ ಕಡೆ ಬರಬೇಡಿ ಎಂದು ನಾನೇ ಹೇಳುತ್ತಿದ್ದೆ, ಸಂತೆಯ ಗದ್ದಲದಲ್ಲಿ ಗಾಡಿ ನಿಲ್ಲಿಸಲು ಜಾಗವಿರುವುದಿಲ್ಲ. ಆದರೂ ಹಟ ಹಿಡಿದು ಶನಿವಾರವೇ ಬಂದ ದಂಪತಿ ಸಂತೆಯಲ್ಲಿ ಎರಡು ಗಂಟೆ ಕಳೆದು, ಐದು ಕಿಲೋ ಹಸಿಮೆಣಸಿನಕಾಯಿ ಕೊಂಡು, ಬಸದಿಗಿಂತ ಇದೇ ಚೆನ್ನಾಗಿತ್ತು ಎಂದುಬಿಟ್ಟರು. ಅವರಿಗೂ ಪೂರ್ತಿ ಹಣವೇ ತೆಗೆದುಕೊಂಡೆ.

ಹಿಂದಿರುಗುವಾಗ ಕಣಿವೆ. ಕಾವೇರಿಯ ದಂಡೆಯಲ್ಲಿ ರಾಮಲಿಂಗೇಶ್ವರ ಗುಡಿ, ಪಕ್ಕದಲ್ಲಿ ತೂಗುಸೇತುವೆ, ಆಚೆ ದಡ ಮೈಸೂರು ಜಿಲ್ಲೆ. ಇಲ್ಲಿ ನಾನು ಏನನ್ನೂ ಹೇಳುವುದಿಲ್ಲ. ಬೆಳಗ್ಗಿನಿಂದ ನನ್ನ ಮಾತು ಕೇಳಿ ದಣಿದವರಿಗೆ ನೀರಿಗೆ ಕಾಲು ಬಿಟ್ಟು ಕೂರುವುದೇ ಬೇಕಾಗಿರುತ್ತದೆ. ಹೊಳೆ ತುಂಬಿದ ತಿಂಗಳುಗಳಲ್ಲಿ ಮಾತ್ರ ಮೆಟ್ಟಿಲಿಗೆ ಇಳಿಸುವುದಿಲ್ಲ.

ನಡುವೆ ಬೇರೆ ಪ್ರಯೋಗಗಳೂ ಆದವು. ದಕ್ಷಿಣದಲ್ಲಿ ಕಾಫಿ ತೋಟಗಳ ನಡುವೆ ಹಾದುಹೋಗುವ ಹಳೆಯ ಕಾಲದ ಯುದ್ಧದ ಕಂದಕ, ಕಡಂಗ, ತೋರಿಸಿದರೆ ಹೇಗೆ ಎಂದು ಹೊಳೆಯಿತು. ನನ್ನ ಮಟ್ಟಿಗೆ ಕೊಡಗಿನಲ್ಲಿ ಅದಕ್ಕಿಂತ ದೊಡ್ಡ ವಿಸ್ಮಯವಿಲ್ಲ. ಶತಮಾನಗಳ ಹಿಂದೆ ಕೈಯಲ್ಲಿ ಅಗೆದದ್ದು, ಕೆಲವು ಕಡೆ ಎರಡಾಳು ಆಳ. ಗಿರಾಕಿಗಳು ಇಣುಕಿ, "ಅರಣ್ಯ ಇಲಾಖೆಯವರು ಆನೆಗೆ ತೋಡಿದ್ದಾ?" ಎಂದರು. ನಾಲ್ಕೈದು ಸಲ ಅದೇ ಪ್ರಶ್ನೆ ಬಂದ ಮೇಲೆ ಕೈಬಿಟ್ಟೆ. ತೋಟದ ಮಾಲೀಕರಿಗೂ ದಿನಾ ಗೇಟು ತೆಗೆಯುವ ಉತ್ಸಾಹ ಇರಲಿಲ್ಲ.

ಕೊಡವರ ಮಳೆಗಾಲದ ತಿಂಗಳಾದ ಕಕ್ಕಡದಲ್ಲಿ ಮಳೆ ಪ್ರವಾಸ ಎಂದು ಒಂದು ವರ್ಷ ಮಾಡಿದೆ. ಹೊರಗೆ ತಿರುಗಾಟ ಕಡಿಮೆ, ಒಂದು ಐನ್‌ಮನೆಯ, ಅಂದರೆ ಕೊಡವ ಕುಟುಂಬದ ಮೂಲ ಮನೆಯ, ಜಗಲಿಯಲ್ಲಿ ಹೆಚ್ಚು ಹೊತ್ತು, ಕಕ್ಕಡ ಹದಿನೆಂಟರ ಆಸುಪಾಸು ಮದ್ದುಸೊಪ್ಪಿನ ಪಾಯಸ. ಮರುದಿನ ಬೆಳಗ್ಗೆ ಮೂತ್ರ ಕೆಂಪಗೆ ಹೋಗುತ್ತದೆ ಎಂದು ಮೊದಲೇ ಹೇಳಿಬಿಡಬೇಕು, ಇಲ್ಲವಾದರೆ ಆಸ್ಪತ್ರೆಯಿಂದಲೇ ಫೋನ್ ಬರುತ್ತದೆ. ಜನರಿಗೆ ಇಷ್ಟವಾಯಿತು, ಆದರೆ ಮರ ಬಿದ್ದು ದಾರಿ ಬಂದ್ ಆದ ದಿನಗಳ ಮುಂಗಡ ವಾಪಸು ಕೊಟ್ಟು ಲೆಕ್ಕ ಹಾಕಿದರೆ ಕೈಯಲ್ಲಿ ಉಳಿದದ್ದು ಟೈರಿನ ದುಡ್ಡಿಗೂ ಸಾಲಲಿಲ್ಲ.

ನಾಲ್ಕುನಾಡು ಅರಮನೆಯನ್ನು ಬೇರೆಯೇ ದಿನವಾಗಿ ಮಾಡಿದ್ದೇನೆ. ದೊಡ್ಡವೀರರಾಜೇಂದ್ರ ತಡಿಯಂಡಮೋಳ್ ಬೆಟ್ಟದ ಬುಡದಲ್ಲಿ 1790ರ ದಶಕದಲ್ಲಿ ಕಟ್ಟಿಸಿದ್ದು, ಅವನ ಮದುವೆಗೂ ಅದೇ ಅಂಗಳ, ಕೊನೆಯ ರಾಜ ಅಡಗಿದ್ದಕ್ಕೂ ಅದೇ ಕತ್ತಲೆ ಕೋಣೆಗಳು. ಬೆಳಗ್ಗೆಯೇ ನೇರ ಅಲ್ಲಿಗೆ ಹೋದರೆ ಯಾರೂ ನಿದ್ದೆ ಮಾಡುವುದಿಲ್ಲ.

ಈಗಿನ ದರ, ನಾಲ್ಕು ಜನರ ಗಾಡಿಗೆ, ಊಟವೂ ಸೇರಿ ಆರೂವರೆ ಸಾವಿರ. ನೂರಾ ಅರವತ್ತು ಕಿಲೋಮೀಟರಿಗೆ ಡೀಸೆಲ್ ಒಂದೂಕಾಲು ಸಾವಿರದ ಹತ್ತಿರ, ಊಟ ಸಾವಿರ, ಅಜ್ಜಿ, ಕಾಫಿ, ಸಣ್ಣಪುಟ್ಟದ್ದು ಐನೂರು. ಮೂರೂಮುಕ್ಕಾಲು ಸಾವಿರ ಕೈಗೆ ಉಳಿಯುತ್ತದೆ. ವಾರಕ್ಕೆ ಎರಡು, ಸೀಸನ್ನಿನಲ್ಲಿ ಮೂರು. ಬರುವವರಲ್ಲಿ ನಿವೃತ್ತ ಮೇಷ್ಟ್ರುಗಳು, ಬ್ಯಾಂಕಿನವರು ಹೆಚ್ಚು. ಬೆಂಗಳೂರಿನಲ್ಲೇ ಹುಟ್ಟಿ ಬೆಳೆದು ಕೊಡಗಿನ ಮನೆಹೆಸರು ಮಾತ್ರ ಉಳಿಸಿಕೊಂಡಿರುವ ಹುಡುಗ ಹುಡುಗಿಯರೂ ಬರುತ್ತಾರೆ, ಪ್ರಶ್ನೆ ಕೇಳುವುದರಲ್ಲಿ ಎಲ್ಲರಿಗಿಂತ ಮುಂದೆ ಅವರೇ. ಚೌಕಾಸಿ ಮಾಡುವವರಿಗೆ ಅಬ್ಬಿ, ದುಬಾರೆ ಮಾಡುವ ನಮ್ಮ ಸ್ಟ್ಯಾಂಡಿನವರ ನಂಬರ್ ಕೊಡುತ್ತೇನೆ. ಕಮಿಷನ್ ನಾನೂ ಕೇಳುತ್ತೇನೆ.